ಕಾಲಂಗೊಂದು ಅಂಜಿಕೆ

ಸೊರಬ ತಾಲ್ಲೂಕಿನ ಆನವಟ್ಟಿಗೆ ಹೊಂದಿಕೊಂಡಂತಿರುವ ಕುಬಟೂರೇ ಚಂದ್ರಹಾಸನ ಕುಂತಳ ನಗರ ಎಂದು ಆ ಸೀಮೆಯವರು ನಂಬಿಕೊಂಡು ಬಂದಿದ್ದಾರೆ. ಯಕ್ಷಗಾನ ನೋಡಿ ಬೆಳೆದವರಿಗೆ ಕಥೆ ಹೊಸದಲ್ಲ. ಮಂತ್ರಿ ದುಷ್ಟಬುದ್ಧಿ ಮಗ ಮದನನಿಗೆ ಕಾಗದ ಬರೆದು, ಮುದ್ರೆಯೊತ್ತಿ, ಅದನ್ನು ಚಂದ್ರಹಾಸನ ಕೈಯಲ್ಲೇ ಕೊಟ್ಟು ಕಳಿಸುತ್ತಾನೆ. ತಂದವನಿಗೆ ವಿಷ ಕೊಡು ಎಂಬುದು ಒಕ್ಕಣೆ. ಊರಾಚೆಯ ತೋಟದಲ್ಲಿ ಆತ ನಿದ್ದೆ ಹೋದಾಗ ಮಂತ್ರಿಯ ಮಗಳು ವಿಷಯೆ ಕಾಗದ ಬಿಚ್ಚಿ ಓದುತ್ತಾಳೆ, ಅಕ್ಷರ ತಿದ್ದುತ್ತಾಳೆ, ಸಾವಿನ ಬದಲು ಮದುವೆ ನಡೆಯುತ್ತದೆ.

ರಾತ್ರಿಯಿಡೀ ಆಡುವ ಪ್ರಸಂಗದಲ್ಲಿ ಪ್ರೇಮಕ್ಕೂ ದೈವಬಲಕ್ಕೂ ಬೇಕಾದಷ್ಟು ಜಾಗವಿದೆ. ಪ್ರಯಾಣದ ಕಾಗದಪತ್ರಗಳ ಬಗ್ಗೆ ಕುತೂಹಲ ಇರುವವರಿಗೆ ಮಾತ್ರ ಇನ್ನೊಂದು ಸಂಗತಿ ಎದ್ದು ಕಾಣುತ್ತದೆ. ಹೊತ್ತು ತಂದವನಿಗೇ ಆ ಕಾಗದದಲ್ಲಿ ಏನಿದೆಯೆಂದು ತಿಳಿಯದು. ಅದು ಒಬ್ಬ ಅಧಿಕಾರಸ್ಥ ಇನ್ನೊಬ್ಬನಿಗೆ ಬರೆದ ಟಿಪ್ಪಣಿ. ಇವತ್ತಿನ ವೀಸಾ ಕೂಡ ಅಂಥದ್ದೇ. ದೂತಾವಾಸದವರು ವಿಮಾನ ನಿಲ್ದಾಣದ ಅಧಿಕಾರಿಗೆ ‘ನಾವು ನೋಡಿದ್ದೇವೆ, ಇನ್ನು ನಿಮ್ಮ ಚಿತ್ತ’ ಎಂದು ಹೇಳಿ ಕಳಿಸುವ ಮಾತು ಅದು. ವೀಸಾ ಕೈಯಲ್ಲಿದ್ದೂ ಕೌಂಟರಿನಿಂದ ವಾಪಸಾದವರು ಎಷ್ಟೋ ಜನ.

ಈ ಟಿಪ್ಪಣಿಗೆ ಮುಂಚೆ ತುಂಬಬೇಕಾದ ಅರ್ಜಿಯಲ್ಲಿ ಹತ್ತಾರು ಕಾಲಂಗಳು. ಅಪ್ಪ ಹುಟ್ಟಿದ ಊರು, ಮೈಮೇಲಿನ ಗುರುತು, ಹಿಂದೆ ಸುತ್ತಿದ ದೇಶಗಳು, ಇಲ್ಲಿ ಪರಿಚಯದವರು ಯಾರು. ಯಾರೋ ಗುಮಾಸ್ತ ಹೊತ್ತು ಹೋಗದೆ ಹಾಕಿದ ಪ್ರಶ್ನೆಗಳಂತೆ ಅವು ಕಾಣುತ್ತವೆ. ಕೆದಕಿ ನೋಡಿದರೆ ಬಹಳಷ್ಟರ ಕೆಳಗೆ ಒಂದು ಇಸವಿಯೂ ಆ ಇಸವಿಯ ಒಂದು ಹೆದರಿಕೆಯೂ ಸಿಗುತ್ತವೆ.

ಕುಬಟೂರಿನ ಕೈಟಭೇಶ್ವರ ದೇಗುಲ ಎದ್ದ ಕಾಲಕ್ಕೆ, ಅಂದರೆ ಸುಮಾರು 1100ರಲ್ಲಿ, ಈ ಸೀಮೆ ಬನವಾಸಿ ಹನ್ನೆರಡು ಸಾವಿರದೊಳಗಿನ ನಾಗರಖಂಡ. ಅಯ್ಯಾವೊಳೆ ಐನೂರ್ವರಂಥ ವರ್ತಕ ಸಂಘಗಳು ನಾಡಿನಿಂದ ನಾಡಿಗೆ ಹೇರು ಹೊಡೆಸುತ್ತಿದ್ದ ದಿನಗಳು. ಶಾಸನಗಳಲ್ಲಿ ಸುಂಕದ ಪ್ರಸ್ತಾಪ ಮತ್ತೆ ಮತ್ತೆ ಬರುತ್ತದೆ. ರಾಜ್ಯಕ್ಕೆ ಬೇಕಾಗಿದ್ದದ್ದು ಹೇರಿನ ಲೆಕ್ಕ, ಹೇರು ತಂದವನ ಕುಲಗೋತ್ರವಲ್ಲ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯ ಕೋಡಿಯ ಮಠದ 1162ರ ಶಾಸನ ಇನ್ನೂ ಸ್ವಾರಸ್ಯದ್ದು. ಅಲ್ಲಿ ಅನ್ನ ಸಿಗುವವರ ಪಟ್ಟಿಯಲ್ಲಿ ದಿಕ್ಕಿಲ್ಲದವರು, ಕುಂಟರು, ಕುರುಡರು, ಹಾಡುವವರು, ಕಥೆ ಹೇಳುವವರ ಜೊತೆಗೆ ನಾನಾ ದೇಶಗಳಿಂದ ಬಂದ ಭಿಕ್ಷುಕರೂ ಇದ್ದಾರೆ. ರೋಗಿಗಳಿಗೆ ಮದ್ದೂ ಉಂಟು. ಇದನ್ನೋದಿ ಹಿಂದಿನವರೆಲ್ಲ ಉದಾರಿಗಳು ಅಂದುಕೊಳ್ಳಬೇಕಿಲ್ಲ. ಗೂಢಚಾರರ ಭಯ ಆಗಲೂ ಇತ್ತು. ಆದರೆ ಬಂದವನನ್ನು ತೂಗಿನೋಡುವ ಕೆಲಸ ಆಗ ಊರಿನದು, ಮಠದ್ದು, ಸಂಘದ್ದು.

ಪಶ್ಚಿಮ ಕರಾವಳಿಗೆ ‘ಮೊದಲು ಕಾಗದ ತೋರಿಸು’ ಎಂಬ ಪದ್ಧತಿಯನ್ನು ಗಟ್ಟಿಯಾಗಿ ಕಲಿಸಿದವರು ಪೋರ್ಚುಗೀಸರು. ಹದಿನಾರನೆಯ ಶತಮಾನದಿಂದ ಅರಬ್ಬೀ ಸಮುದ್ರದಲ್ಲಿ ಓಡಾಡುವ ಹಡಗುಗಳು ಅವರಿಂದ ‘ಕಾರ್ತಾಜ್’ ಎಂಬ ರಹದಾರಿ ಕೊಳ್ಳಬೇಕಿತ್ತು, ಇಲ್ಲದಿದ್ದರೆ ಹಡಗೂ ಸರಕೂ ಜಪ್ತಿ. ಅದೂ ಹಡಗಿಗೆ ಕೊಟ್ಟ ಚೀಟಿಯೇ, ಮನುಷ್ಯನಿಗಲ್ಲ.

ಮನುಷ್ಯ ಹೇಗೆ ಒಳಗೆ ಬರುತ್ತಿದ್ದ ಎಂಬುದಕ್ಕೆ ಒಂದು ಸೊಗಸಾದ ಸಾಕ್ಷಿ ಸೊರಬದ ನೆರೆಯಲ್ಲೇ ಇದೆ. 1623ರಲ್ಲಿ ರೋಮಿನ ಪಿಯೆತ್ರೊ ದೆಲ್ಲಾ ವಾಲ್ಲೆ ಎಂಬ ಶ್ರೀಮಂತ ಪ್ರವಾಸಿ ಇಕ್ಕೇರಿಗೆ ಬಂದ. ವ್ಯಾಪಾರಿಯಲ್ಲ, ಪಾದ್ರಿಯಲ್ಲ, ಸೈನಿಕನೂ ಅಲ್ಲ. ಇಂದಿನ ಅರ್ಜಿಯಲ್ಲಾದರೆ ‘ಪ್ರವಾಸ, ಅಲ್ಪಾವಧಿ’ ಎಂದು ಗುರುತು ಹಾಕಬೇಕಾದ ಗಿರಾಕಿ. ಗೋವೆಯ ಪೋರ್ಚುಗೀಸರು ಕೆಳದಿಯ ವೆಂಕಟಪ್ಪ ನಾಯಕನ ಬಳಿಗೆ ಕಳಿಸಿದ ರಾಯಭಾರಿಯ ಪರಿವಾರ ಸೇರಿಕೊಂಡು ಹೊರಟ. ಗೋವೆಯಿಂದ ಮರಳುತ್ತಿದ್ದ ನಾಯಕನ ಕಡೆಯ ವಿಠ್ಠಲ ಶೆಣೈ ಕೂಡ ಜೊತೆಗಿದ್ದರು. ಹೊನ್ನಾವರದಲ್ಲಿ ಒಂದಷ್ಟು ದಿನ ತಂಗಿ, ಶರಾವತಿಯಲ್ಲಿ ದೋಣಿಯೇರಿ ಗೇರುಸೊಪ್ಪೆ, ಅಲ್ಲಿಂದ ಘಟ್ಟ ಹತ್ತಿ ಇಕ್ಕೇರಿ. ಅಕ್ಟೋಬರ್ ಕೊನೆಯಲ್ಲಿ ಹೊನ್ನಾವರದಿಂದ ಕಾಗದ ಬರೆದವನು ನವೆಂಬರ್ 22ರ ಕಾಗದವನ್ನು ಇಕ್ಕೇರಿಯಿಂದ ಬರೆಯುತ್ತಾನೆ.

ಆ ಕಾಗದಗಳನ್ನು ಓದುವುದೇ ಒಂದು ಸುಖ. ಘಟ್ಟದ ದಾರಿಯ ದೇವಸ್ಥಾನವೊಂದರ ಜಗಲಿಯಲ್ಲಿ ಹುಡುಗರು ನೆಲಕ್ಕೆ ಮರಳು ಹರಡಿಕೊಂಡು, ಬೆರಳಲ್ಲಿ ಬರೆದು, ರಾಗವಾಗಿ ಹಾಡುತ್ತ ಲೆಕ್ಕ ಕಲಿಯುತ್ತಿದ್ದುದನ್ನು ಅವನು ನಿಂತು ನೋಡಿ, ಅದನ್ನು ವಿವರವಾಗಿ ಬರೆದಿದ್ದಾನೆ. ಇಕ್ಕೇರಿಯ ಹೆಂಗಳೆಯರ ಕೋಲಾಟವನ್ನೂ ಬಿಟ್ಟಿಲ್ಲ. ಇಷ್ಟೆಲ್ಲ ಓಡಾಡಿದವನ ಪರವಾಗಿ ನಿಂತದ್ದು ಅವನ ಜೊತೆಗಿದ್ದವರು. ರಾಯಭಾರಿಯ ಪೈಕಿ, ಶೆಣೈಯವರಿಗೆ ಗೊತ್ತಿದ್ದವನು ಎಂದರೆ ಮುಗಿಯಿತು. ಈಗಿನ ಭಾರತೀಯ ವೀಸಾ ಅರ್ಜಿಯಲ್ಲಿ ‘ಭಾರತದಲ್ಲಿ ಪರಿಚಯದವರ ಹೆಸರು, ವಿಳಾಸ’ ಎಂಬ ಕಾಲಂ ಇದೆಯಲ್ಲ, ವಿಠ್ಠಲ ಶೆಣೈ ಅಂಥವರ ಜಾಗ ಈಗ ಆ ಎರಡು ಗೆರೆಗೆ ಇಳಿದಿದೆ.

ಹತ್ತೊಂಬತ್ತನೆಯ ಶತಮಾನದ ಕೊನೆಗೆ ಯುರೋಪಿನ ಬಹುಭಾಗದಲ್ಲಿ ಪಾಸ್‌ಪೋರ್ಟ್ ಇಲ್ಲದೆಯೇ ರೈಲು ಹತ್ತಿ ಗಡಿ ದಾಟಬಹುದಿತ್ತು. ಅದಕ್ಕೆ ತೆರೆ ಎಳೆದದ್ದು 1914ರ ಯುದ್ಧ. ಭಾರತದ ಮಟ್ಟಿಗೆ ಯುದ್ಧದ ಜೊತೆಗೆ ಇನ್ನೊಂದು ಕಾರಣವೂ ಕೂಡಿತು. ಆ ವರ್ಷ ಮೇ ತಿಂಗಳಲ್ಲಿ ‘ಕೊಮಾಗಾಟಾ ಮಾರು’ ಹಡಗು 376 ಪ್ರಯಾಣಿಕರೊಂದಿಗೆ ಕೆನಡಾದ ವ್ಯಾಂಕೂವರ್ ಮುಟ್ಟಿತು. ಹುಟ್ಟಿದ ದೇಶದಿಂದ ಎಲ್ಲೂ ಇಳಿಯದೆ ನೇರವಾಗಿ ಬಂದವರಿಗಷ್ಟೇ ಪ್ರವೇಶ ಎಂಬ 1908ರ ನಿಯಮ ಮುಂದಿಟ್ಟು ಕೆನಡಾ ಬಹುತೇಕ ಎಲ್ಲರನ್ನೂ ಹಿಂದಕ್ಕೆ ಅಟ್ಟಿತು. ಭಾರತದಿಂದ ಕೆನಡಾಕ್ಕೆ ನೇರ ಹಡಗೇ ಇರಲಿಲ್ಲ ಎಂಬುದು ಅದರೊಳಗಿನ ಕಿತಾಪತಿ. ಬ್ರಿಟಿಷರ ವಿರುದ್ಧ ಬಂಡೇಳಲು ವಿದೇಶದಿಂದ ಮರಳಿ ಬರುವ ಗದರ್ ಪಕ್ಷದವರಿಗೆ ಹೆದರಿದ ಬ್ರಿಟಿಷ್ ಸರ್ಕಾರ ಸೆಪ್ಟೆಂಬರಿನಲ್ಲಿ ಭಾರತ ಪ್ರವೇಶವನ್ನು ನಿಯಂತ್ರಿಸುವ ಸುಗ್ರೀವಾಜ್ಞೆ ಹೊರಡಿಸಿತು. ಯುದ್ಧ ಮುಗಿದ ಮೇಲೂ ಆ ಬಿಗಿ ಸಡಿಲವಾಗಲಿಲ್ಲ. 1920ರಲ್ಲಿ ಭಾರತೀಯ ಪಾಸ್‌ಪೋರ್ಟ್ ಕಾಯ್ದೆ ಬಂತು. ಅದೇ ವರ್ಷ ಅಕ್ಟೋಬರಿನಲ್ಲಿ ಪ್ಯಾರಿಸಿನಲ್ಲಿ ಸೇರಿದ ರಾಷ್ಟ್ರಸಂಘದ ಸಮ್ಮೇಳನ 32 ಪುಟದ ಪುಸ್ತಿಕೆಯ ನಮೂನೆ ಗೊತ್ತುಮಾಡಿತು. ಕುಬಟೂರಿನವರು ಆಗ ಮೈಸೂರು ಮಹಾರಾಜರ ಪ್ರಜೆಗಳು. ಇಂಗ್ಲೆಂಡಿನ ಲೆಕ್ಕದಲ್ಲಿ ಅವರು ಬ್ರಿಟಿಷ್ ಪ್ರಜೆಯೂ ಅಲ್ಲ, ‘ಬ್ರಿಟಿಷ್ ರಕ್ಷಣೆಗೊಳಪಟ್ಟ ವ್ಯಕ್ತಿ’.

ಎರಡನೆಯ ಯುದ್ಧದ ಹೊಸ್ತಿಲಲ್ಲಿ 1939ರ ವಿದೇಶಿಯರ ನೋಂದಣಿ ಕಾಯ್ದೆ ಬಂತು, ಯುದ್ಧ ಮುಗಿದ ಮೇಲೆ 1946ರ ವಿದೇಶಿಯರ ಕಾಯ್ದೆ. ದೇಶ ಇಬ್ಭಾಗವಾದ ಮೇಲೆ ಪಶ್ಚಿಮ ಪಾಕಿಸ್ತಾನದಿಂದ ಬರುವವರಿಗೆ 1948ರಲ್ಲಿ ಪರ್ಮಿಟ್, 1952ರಲ್ಲಿ ಎರಡೂ ದೇಶಗಳ ನಡುವೆ ಪಾಸ್‌ಪೋರ್ಟ್–ವೀಸಾ. ನಿಮ್ಮ ಅಪ್ಪ ಅಮ್ಮ, ಅಜ್ಜ ಅಜ್ಜಿ ಪಾಕಿಸ್ತಾನದವರೇ ಎಂದು ನಮ್ಮ ಅರ್ಜಿ ಇವತ್ತಿಗೂ ಜಪಾನಿನವನನ್ನೂ ಕೇಳುತ್ತದೆ.

ಇವೆಲ್ಲ ಡೆಲ್ಲಿ, ಲಂಡನ್ನಿನ ಅಂಜಿಕೆಗಳು. ಒಂದು ಅಂಜಿಕೆ ಮಾತ್ರ ಸೊರಬದ ಕಾಡಿನಿಂದಲೇ ಎದ್ದು ಜಗತ್ತನ್ನು ಕೆಲಕಾಲ ಬೆದರಿಸಿತ್ತು.

1957ರ ಬೇಸಿಗೆ. ಕುಬಟೂರಿರುವ ತಾಲ್ಲೂಕಿನದೇ ಕ್ಯಾಸನೂರು ಕಾಡಿನಲ್ಲಿ ಮುಸುವಗಳೂ ಮಂಗಗಳೂ ಸಾಲುಸಾಲಾಗಿ ಸತ್ತು ಬೀಳತೊಡಗಿದವು. ಸೌದೆಗೆ, ಸೊಪ್ಪಿಗೆ ಕಾಡಿಗೆ ಹೋದವರಿಗೆ ಜ್ವರ. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳಿಗೆ ಮೊದಲು ಹೊಳೆದ ಅನುಮಾನ ಹಳದಿ ಜ್ವರದ್ದು. ಕಾರಣವಿಲ್ಲದೆ ಅಲ್ಲ: ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಹಳದಿ ಜ್ವರ ಜನರನ್ನು ಮುಟ್ಟುವ ಮುಂಚೆ ಮಂಗಗಳನ್ನು ಕೊಲ್ಲುತ್ತದೆ. ಆಫ್ರಿಕ, ದಕ್ಷಿಣ ಅಮೆರಿಕಗಳಲ್ಲಿ ಬೇರೂರಿದ ಆ ರೋಗ ಏಷ್ಯಾಕ್ಕೆ ಎಂದೂ ಕಾಲಿಟ್ಟಿರಲಿಲ್ಲ. ಇಲ್ಲಿ ಅದನ್ನು ಹರಡಬಲ್ಲ ಸೊಳ್ಳೆ ಊರೂರಲ್ಲಿದೆ, ಡೆಂಗಿ ತರುವುದೂ ಅದೇ. ತಡೆಯುವ ಶಕ್ತಿ ಜನರ ಮೈಯಲ್ಲಿಲ್ಲ. ಬೇಗೆಯಲ್ಲಿ ಒಣಗಿದ ಬಣವೆಗೆ ಕಿಡಿ ಬಿದ್ದಂತೆ ಎಂದು ಗಾಬರಿಯಾಗಲು ಅಷ್ಟು ಸಾಕು. ಅದು ನಿಜವೇ ಆಗಿದ್ದರೆ ಭಾರತದಿಂದ ಹೊರಡುವ ಪ್ರತಿಯೊಬ್ಬನನ್ನೂ ಬೇರೆ ದೇಶಗಳು ಬಾಗಿಲಲ್ಲೇ ತಡೆದು ಲಸಿಕೆಯ ಚೀಟಿ ಕೇಳುತ್ತಿದ್ದವು.

ಪರೀಕ್ಷೆಯಲ್ಲಿ ಸಿಕ್ಕಿದ್ದು ಅದೇ ಜಾತಿಗೆ ಸೇರಿದ, ಆದರೆ ಹೊಸ ವೈರಸ್. ಹರಡುವುದು ಸೊಳ್ಳೆಯಿಂದಲ್ಲ, ಉಣುಗಿನಿಂದ. ಕ್ಯಾಸನೂರು ಕಾಡಿನ ಕಾಯಿಲೆ ಎಂದು ಅದಕ್ಕೆ ಹೆಸರಾಯಿತು. ಮಲೆನಾಡಿಗೆ ಅದು ಮಂಗನ ಕಾಯಿಲೆ. ಜಗತ್ತು ನಿಟ್ಟುಸಿರು ಬಿಟ್ಟಿತು. ಸೊರಬ, ಸಾಗರ, ತೀರ್ಥಹಳ್ಳಿಯವರಿಗೆ ಆ ಭಾಗ್ಯ ಇಲ್ಲ, ಬೇಸಿಗೆ ಬಂದರೆ ಇವತ್ತಿಗೂ ಸತ್ತ ಮಂಗ ಕಂಡಲ್ಲಿ ಆರೋಗ್ಯ ಇಲಾಖೆಗೆ ಸುದ್ದಿ ಮುಟ್ಟಿಸಬೇಕು.

ಹಳದಿ ಜ್ವರದ ವಿಷಯದಲ್ಲಿ ಭಾರತದ ನಿಯಮ ಇಂದಿಗೂ ಬಿಗಿ. ಆ ರೋಗವಿರುವ ದೇಶಗಳಿಂದ ಬರುವವರು, ನಮ್ಮವರೇ ಆಗಿರಲಿ, ಹಳದಿ ಬಣ್ಣದ ಲಸಿಕೆ ಪುಸ್ತಿಕೆ ತೋರಿಸಬೇಕು. ಚುಚ್ಚಿಸಿಕೊಂಡು ಹತ್ತು ದಿನ ಕಳೆದಿರಬೇಕು. ಇಲ್ಲದಿದ್ದರೆ ಆರು ದಿನಗಳವರೆಗೆ ಪ್ರತ್ಯೇಕವಾಸ, ವೀಸಾ ಎಷ್ಟೇ ಗಟ್ಟಿಯಿರಲಿ. ಹಿಂದೆ ಹತ್ತು ವರ್ಷಕ್ಕೊಮ್ಮೆ ಮತ್ತೆ ಚುಚ್ಚಿಸಿಕೊಳ್ಳಬೇಕಿತ್ತು, 2016ರ ಜುಲೈನಿಂದ ಒಂದೇ ಲಸಿಕೆ ಜೀವಮಾನಕ್ಕೆ ಸಾಕು. ಕೀನ್ಯಾಕ್ಕೋ ಉಗಾಂಡಾಕ್ಕೋ ಸಫಾರಿಗೆ ಹೊರಟ ಕನ್ನಡಿಗರು ಬ್ಯಾಗಿನಲ್ಲಿ ಮೊದಲು ಹುಡುಕಿಕೊಳ್ಳಬೇಕಾದದ್ದು ಈ ಪುಸ್ತಿಕೆಯನ್ನು.

ಗಡಿ ದಾಟಿದ ಮೇಲೆ ಮತ್ತೊಂದು ಗಡಿ ಎದುರಾಗುವುದೂ ಉಂಟು. ಆನವಟ್ಟಿಯಿಂದ ಹಾನಗಲ್ ಮೇಲೆ ಹಾಯ್ದು ಹೋದರೆ ಮುಂಡಗೋಡ. ಅಲ್ಲಿ 1966ರಲ್ಲಿ ನೆಲೆಗೊಂಡ ಟಿಬೆಟನ್ನರ ವಸತಿ ಇದೆ, ಜನರ ಬಾಯಲ್ಲಿ ಲಾಮಾ ಕ್ಯಾಂಪ್. ಡ್ರೆಪುಂಗ್, ಗಾಂದೆನ್ ಮಠಗಳಲ್ಲಿ ಪಾಠ ಕೇಳಲು ಯುರೋಪು, ಅಮೆರಿಕದಿಂದ ಬರುವವರಿದ್ದಾರೆ. ಭಾರತದ ವೀಸಾ ಇದ್ದರೂ ಅಲ್ಲಿ ರಾತ್ರಿ ತಂಗಲು ಅವರಿಗೆ ಗೃಹ ಸಚಿವಾಲಯದ ಪ್ರತ್ಯೇಕ ಪರವಾನಗಿ ಬೇಕು, ‘ಪಿ.ಎ.ಪಿ.’ ಅನ್ನುವುದು ಅದಕ್ಕೇ. ಅರ್ಜಿ ಹಾಕಿ ತಿಂಗಳುಗಟ್ಟಲೆ ಕಾಯಬೇಕು. ಬೈಲಕುಪ್ಪೆಯಲ್ಲೂ ಇದೇ ಕಟ್ಟಳೆ. ಹೀಗಾಗಿ ಹಗಲಿಡೀ ಮಠ ನೋಡಿ ಕತ್ತಲಾಗುವ ಮುಂಚೆ ಲಾಡ್ಜ್ ಹುಡುಕಿಕೊಂಡು ಹೊರಗೆ ಹೊರಡುವವರೇ ಹೆಚ್ಚು.

ಆ ಲಾಡ್ಜಿನಲ್ಲಿ 2025ರವರೆಗೆ ಕಾದಿರುತ್ತಿದ್ದದ್ದು ‘ಸಿ ಫಾರ್ಮ್’. 1946ರ ಕಾಯ್ದೆ ಹಣ ಪಡೆದು ತಂಗಲು ಜಾಗ ಕೊಡುವವರ ಮೇಲೆ ವಿದೇಶಿ ಅತಿಥಿಗಳ ವಿವರ ಕೊಡುವ ಹೊಣೆ ಹೊರಿಸಿತು. ನಿಯಮಗಳ ಭಾಷೆಯಲ್ಲಿ ಡಾಕ್ ಬಂಗಲೆ, ಸರಾಯಿ ಎಂಬ ಹಳೆಯ ಹೆಸರುಗಳೂ ಇದ್ದವು. ವಿದೇಶಿ ಅತಿಥಿ ಬಂದ 24 ಗಂಟೆಯೊಳಗೆ ವಿವರ ನೋಂದಣಿ ಅಧಿಕಾರಿಗೆ ಮುಟ್ಟಬೇಕು. ಆ ಪಟ್ಟಿ ಬೆಳೆಯುತ್ತ ಹೋಗಿ ಈಗ ಆಸ್ಪತ್ರೆ, ವಿಶ್ವವಿದ್ಯಾಲಯಗಳಷ್ಟೇ ಅಲ್ಲ, ಮನೆಗಳೂ ಅದರಲ್ಲಿವೆ. ಒ.ಸಿ.ಐ. ಕಾರ್ಡ್ ಮಾಡಿಸದೆ ಅಮೆರಿಕದ ಪಾಸ್‌ಪೋರ್ಟಿನಲ್ಲಿ ಬಂದ ಮೊಮ್ಮಗ ಕುಬಟೂರಿನ ಅಜ್ಜನ ಮನೆಯಲ್ಲಿ ಮಲಗಿದರೂ, ಕಾಗದದ ಪ್ರಕಾರ ಅಜ್ಜ ಆನ್‌ಲೈನ್‌ನಲ್ಲಿ ಒಂದು ಅರ್ಜಿ ತುಂಬಬೇಕು. ಎಷ್ಟು ಅಜ್ಜಂದಿರಿಗೆ ಇದು ಗೊತ್ತಿದೆಯೋ! ಅಲ್ಪಾವಧಿಗೆ ಬರುವವರ ವಿಷಯದಲ್ಲಿ ಸರ್ಕಾರ ಕೌಂಟರಿನಲ್ಲಿ ಹಗುರ ಮಾಡಿಕೊಂಡ ಭಾರವನ್ನು ಮನೆಬಾಗಿಲಿಗೆ ಇಳಿಸಿದೆ ಎಂದು ನನಗನ್ನಿಸುವುದು ಇದಕ್ಕೇ.

ಕೌಂಟರಿನಲ್ಲಿ ಹಗುರವಾದದ್ದಂತೂ ನಿಜ. ಎಸ್.ಎಂ. ಕೃಷ್ಣ ವಿದೇಶಾಂಗ ಸಚಿವರಾಗಿದ್ದಾಗ, 2010ರಲ್ಲಿ, ಜಪಾನ್, ಸಿಂಗಪುರ, ನ್ಯೂಜಿಲೆಂಡ್, ಫಿನ್‌ಲೆಂಡ್, ಲಕ್ಸೆಂಬರ್ಗ್ ಪ್ರಜೆಗಳಿಗೆ ಬಂದಿಳಿದ ಮೇಲೆಯೇ ವೀಸಾ ಕೊಡುವ ಪ್ರಯೋಗ ಶುರುವಾಯಿತು. 2014ರ ನವೆಂಬರ್ 27ರಿಂದ 43 ದೇಶಗಳವರು ಮನೆಯಲ್ಲೇ ಕೂತು ಅರ್ಜಿ ಹಾಕಿ, ಬೆಂಗಳೂರೂ ಸೇರಿ ಒಂಬತ್ತು ವಿಮಾನ ನಿಲ್ದಾಣಗಳಲ್ಲಿ ಇಳಿಯುವಂತಾಯಿತು. ಆಮೇಲೆ ದೇಶಗಳ ಪಟ್ಟಿ ಉದ್ದವಾಯಿತು, ಮಂಗಳೂರಿನ ವಿಮಾನ ನಿಲ್ದಾಣವೂ ಬಂದರೂ ಸೇರಿಕೊಂಡವು. ಪಣಂಬೂರಿಗೆ ಬರುವ ಕ್ರೂಸ್ ಹಡಗಿನವರು ಬೆಳಿಗ್ಗೆ ಇಳಿದು, ಮೂಡುಬಿದಿರೆಯ ಸಾವಿರ ಕಂಬದ ಬಸದಿ ನೋಡಿ, ಸಂಜೆಗೆ ಹಡಗು ಹತ್ತುತ್ತಾರೆ. ಶಿವಮೊಗ್ಗಕ್ಕೂ 2023ರಲ್ಲಿ ಕುವೆಂಪು ಹೆಸರಿನ ವಿಮಾನ ನಿಲ್ದಾಣ ಬಂತು, ಅದು ದೇಶದೊಳಗಿನ ಹಾರಾಟಕ್ಕೆ. 1920, 1939, 1946ರ ಕಾಯ್ದೆಗಳನ್ನು ಒಟ್ಟಿಗೆ ರದ್ದುಮಾಡಿದ ವಲಸೆ ಮತ್ತು ವಿದೇಶಿಯರ ಕಾಯ್ದೆ 2025ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದಿದೆ. ಪಾಸ್‌ಪೋರ್ಟ್, ವೀಸಾ ಇಲ್ಲದೆ ಒಳಬಂದವರಿಗೆ ಐದು ವರ್ಷದವರೆಗೆ ಸಜೆ, ಐದು ಲಕ್ಷದವರೆಗೆ ದಂಡ. ಮನೆಯವರ, ಲಾಡ್ಜಿನವರ ಹೊಣೆ ಹೊಸ ಕಾಯ್ದೆಯಲ್ಲೂ ತಪ್ಪಿಲ್ಲ.

ಇಲ್ಲಿಂದ ಹೊರಡುವವರ ಕಥೆಯಲ್ಲಿ ಮೈಸೂರು ಹೈಕೋರ್ಟಿನ ಪಾತ್ರವನ್ನು ಮರೆಯುವಂತಿಲ್ಲ. ಪಾಸ್‌ಪೋರ್ಟ್ ಕೊಡುವುದು ಬಿಡುವುದು ಸರ್ಕಾರದ ಮರ್ಜಿ ಎಂದಿದ್ದ ಕಾಲದಲ್ಲಿ, 1965ರ ಡಾ. ಎಸ್.ಎಸ್. ಸದಾಶಿವ ರಾವ್ ಪ್ರಕರಣದಲ್ಲಿ, ವಿದೇಶಕ್ಕೆ ಹೋಗುವುದೂ ವೈಯಕ್ತಿಕ ಸ್ವಾತಂತ್ರ್ಯದ ಭಾಗವೆಂದು ಅದು ಹೇಳಿತು. ಸುಪ್ರೀಂ ಕೋರ್ಟ್ 1967ರ ಏಪ್ರಿಲ್‌ನಲ್ಲಿ ಅದೇ ದಾರಿ ಹಿಡಿದಾಗ ಸರ್ಕಾರ ಗಡಿಬಿಡಿಯಲ್ಲಿ ಪಾಸ್‌ಪೋರ್ಟ್ ಕಾಯ್ದೆ ತರಬೇಕಾಯಿತು. ಹಕ್ಕು ಸಿಕ್ಕಿದ್ದು ಹೊರಡುವುದಕ್ಕೆ ಮಾತ್ರ. ಆಚೆ ಕಡೆ ಒಳಗೆ ಬಿಟ್ಟುಕೊಳ್ಳುವುದು ಅವರವರ ಇಷ್ಟ.

ಆ ಇಷ್ಟದ ಬಿಸಿ ಈಗ ಹೆಚ್ಚು ತಟ್ಟುವುದು ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೊರಡುವ ತಾಯಂದಿರಿಗೆ. ಸಂದರ್ಶನಕ್ಕೆಂದು ಮಲೆನಾಡಿನಿಂದ ಚೆನ್ನೈವರೆಗೆ ಹೋಗಿ ಬಂದವರಿಗೆ ಲೆಕ್ಕವಿಲ್ಲ. 2025ರ ಜನವರಿ 17ರಂದು ಬೆಂಗಳೂರಿನಲ್ಲಿ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆಯಾಯಿತು, ಆದರೆ ವೀಸಾ ಸೇವೆ ಅಂದು ಶುರುವಾಗಿರಲಿಲ್ಲ. 2019ರಿಂದ ಅಮೆರಿಕದ ಅರ್ಜಿ ಐದು ವರ್ಷದಲ್ಲಿ ಬಳಸಿದ ಸೋಷಿಯಲ್ ಮೀಡಿಯಾ ಖಾತೆಗಳನ್ನೂ ಕೇಳುತ್ತದೆ. ಮೊದಲು ಎಪ್ಪತ್ತೊಂಬತ್ತು ದಾಟಿದವರಿಗೆ ಸಂದರ್ಶನದಿಂದ ವಿನಾಯಿತಿ ಇತ್ತು, 2025ರ ಸೆಪ್ಟೆಂಬರ್ 2ರಿಂದ ಅದನ್ನೂ ಬಹುಮಟ್ಟಿಗೆ ತೆಗೆದುಹಾಕಿದ್ದಾರೆ. ಮರಿಮಗುವನ್ನು ನೋಡಲು ಹೊರಟ ಎಂಬತ್ತೆರಡರ ಮುತ್ತಜ್ಜಿಯನ್ನೂ ಈಗ ಗಾಜಿನಾಚೆಯ ಅಧಿಕಾರಿ ಕೇಳಬಹುದು: ಯಾಕೆ ಹೋಗುತ್ತಿದ್ದೀರಿ, ಯಾವಾಗ ವಾಪಸ್ ಬರುತ್ತೀರಿ?