ಮಿನುಗುವ ದೀಪದ ಲೆಕ್ಕ: ಹಳೆಯ ಸ್ಪೋರ್ಟ್ಸ್ ಕಾರು ಮತ್ತು ಟೈರಿನ ಗಾಳಿ ಸೆನ್ಸರ್

ಬಾದಾಮಿಯಿಂದ ಪಟ್ಟದಕಲ್ಲಿಗೆ ಸುಮಾರು 22 ಕಿಲೋಮೀಟರ್. ಮಲಪ್ರಭಾ ನದಿಯ ದಂಡೆಯ ಈ ದೇವಾಲಯ ಸಮುಚ್ಚಯವು 1987ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ರಜಾದಿನಗಳಲ್ಲಿ ಇಲ್ಲಿಗೆ ಬಸ್ಸು, ಟ್ಯಾಕ್ಸಿಗಳ ಜೊತೆಗೆ ದುಬಾರಿ ಕಾರುಗಳೂ ಬರುತ್ತವೆ. ವ್ಯಾಪಾರದಲ್ಲಿ ನಾಲ್ಕು ಕಾಸು ಕಂಡವರು ಬಹುಕಾಲದ ಆಸೆಯನ್ನು ತೀರಿಸಿಕೊಳ್ಳಲು ಬಳಸಿದ ಸ್ಪೋರ್ಟ್ಸ್ ಕಾರೊಂದನ್ನು ಕೊಳ್ಳುವುದು ಈಗ ಅಪರೂಪವೇನೂ ಅಲ್ಲ.

ಇಳಕಲ್ಲಿನ ಗ್ರಾನೈಟ್ ವ್ಯಾಪಾರಿಯೊಬ್ಬರು ಹತ್ತು ವರ್ಷ ಹಳೆಯದಾದ ಅಂತಹ ಕಾರೊಂದನ್ನು ಬೆಂಗಳೂರಿನಿಂದ ಕೊಂಡು ತಂದಿದ್ದಾರೆಂದು ಭಾವಿಸೋಣ. ಪಟ್ಟದಕಲ್ಲಿಗೆ ಹೊರಟ ಮುಂಜಾನೆ ಫಲಕದ ಮೇಲೆ ಟೈರಿನ ಆಕಾರದ ಹಳದಿ ದೀಪವು ಒಂದು ನಿಮಿಷ ಮಿನುಗಿ, ಅನಂತರ ಆರದೆ ಉಳಿಯುತ್ತದೆ. ಟೈರು ನೋಡಿದರೆ ಸರಿಯಾಗಿಯೇ ಇದೆ. "ಸೆನ್ಸರ್ ಹೋಗಿದೆ, ಓಡಿಸಲು ತೊಂದರೆಯಿಲ್ಲ, ದೀಪದ ಮೇಲೊಂದು ಕರಿಯ ಟೇಪು ಅಂಟಿಸಿಬಿಡಿ" ಎಂಬ ಸಲಹೆ ಸುಲಭವಾಗಿ ಸಿಗುತ್ತದೆ. ಆ ಟೇಪಿನ ನಿಜವಾದ ಬೆಲೆ ಎಷ್ಟು ಎಂಬುದೇ ಇಲ್ಲಿ ವಿಚಾರಿಸಬೇಕಾದ ಸಂಗತಿ.

ಈ ದೀಪ ಬಂದುದು ಹೇಗೆ?

ಟೈರಿನ ಗಾಳಿಯ ಒತ್ತಡವನ್ನು ಚಾಲಕನಿಗೆ ತಿಳಿಸುವ ವ್ಯವಸ್ಥೆ ಮೊದಲು ಕಾಣಿಸಿಕೊಂಡುದೇ ಸ್ಪೋರ್ಟ್ಸ್ ಕಾರುಗಳಲ್ಲಿ. 1986ರ ಪೋರ್ಷೆ 959 ಕಾರಿನಲ್ಲಿ ಅದು ಇತ್ತು. ಸಾಮಾನ್ಯ ಕಾರುಗಳಿಗೆ ಅದು ಬಂದುದು ಒಂದು ದುರಂತದ ಫಲವಾಗಿ. 2000ದಲ್ಲಿ ಅಮೆರಿಕದಲ್ಲಿ ಫೈರ್‌ಸ್ಟೋನ್ ಟೈರುಗಳು ಕಿತ್ತುಬಂದು ಕಾರುಗಳು ಉರುಳಿ ಅನೇಕರು ಮೃತಪಟ್ಟರು. ಸುಮಾರು 65 ಲಕ್ಷ ಟೈರುಗಳನ್ನು ಹಿಂದಕ್ಕೆ ಪಡೆಯಬೇಕಾಯಿತು. ಅದೇ ವರ್ಷ ಅಲ್ಲಿನ ಸಂಸತ್ತು ಮಾಡಿದ ಕಾಯಿದೆಯಂತೆ, 2007ರ ಸೆಪ್ಟೆಂಬರ್‌ನಿಂದ ಎಲ್ಲ ಹೊಸ ಕಾರುಗಳಲ್ಲಿ ಈ ವ್ಯವಸ್ಥೆ ಕಡ್ಡಾಯವಾಯಿತು. ಯುರೋಪಿನಲ್ಲಿ 2014ರ ನವೆಂಬರ್‌ನಿಂದ ಹೀಗಾಯಿತು. ಭಾರತದಲ್ಲಿ 2020ರ ತಿದ್ದುಪಡಿಯು, ಟ್ಯೂಬ್‌ರಹಿತ ಟೈರು, ದುರಸ್ತಿ ಸಾಮಗ್ರಿ ಮತ್ತು ಈ ವ್ಯವಸ್ಥೆ ಇರುವ ಕಾರುಗಳಿಗೆ ಹೆಚ್ಚುವರಿ ಚಕ್ರದಿಂದ ವಿನಾಯಿತಿ ನೀಡಿತು. ಅಂದರೆ ಅಂತಹ ಕಾರಿನಲ್ಲಿ ಸ್ಟೆಪ್ನಿಯ ಸ್ಥಾನವನ್ನು ಸೆನ್ಸರ್ ತುಂಬಿದೆ. ಅನೇಕ ಸ್ಪೋರ್ಟ್ಸ್ ಕಾರುಗಳಲ್ಲಿ ಮೊದಲಿನಿಂದಲೂ ಸ್ಟೆಪ್ನಿಯೇ ಇಲ್ಲ.

ಇನ್ನೊಂದು ಕಾರಣವೂ ಉಂಟು. ಲಾರಿಯ ಟೈರಿನಲ್ಲಿ ಗಾಳಿ ಇಳಿದರೆ ಅನುಭವಿ ಕ್ಲೀನರ್ ಕೋಲಿನಿಂದ ತಟ್ಟಿ ಹೇಳಬಲ್ಲ. ಸ್ಪೋರ್ಟ್ಸ್ ಕಾರಿನ ಟೈರಿನ ಬದಿ ಗಿಡ್ಡ ಮತ್ತು ಗಡುಸು. ಗಾಳಿ ಸಾಕಷ್ಟು ಕಡಿಮೆಯಾದರೂ ಅದು ಉಬ್ಬಿ ತೋರುವುದಿಲ್ಲ. ಕಣ್ಣು ಮೋಸಹೋಗುವ ಕಡೆಯಲ್ಲಿಯೇ ಸೆನ್ಸರಿನ ಅಗತ್ಯ ಹೆಚ್ಚು.

ಎರಡು ಬಗೆಯ ಎಚ್ಚರಿಕೆ

ದೀಪವು ಹೊತ್ತಿದ ಕೂಡಲೇ ನೇರವಾಗಿ ಉರಿಯುತ್ತಿದ್ದರೆ ಗಾಳಿ ಕಡಿಮೆಯಾಗಿದೆ ಎಂದರ್ಥ. ಒಂದು ಒಂದೂವರೆ ನಿಮಿಷ ಮಿನುಗಿ ಅನಂತರ ಸ್ಥಿರವಾದರೆ, ಬಹುತೇಕ ಕಾರುಗಳಲ್ಲಿ ವ್ಯವಸ್ಥೆಯೇ ಕೆಟ್ಟಿದೆ ಎಂದರ್ಥ. ಲೆಕ್ಕಪರಿಶೋಧನೆಯ ಭಾಷೆಯಲ್ಲಿ ಹೇಳುವುದಾದರೆ, ಮೊದಲನೆಯದು "ಲೆಕ್ಕದಲ್ಲಿ ತಪ್ಪಿದೆ" ಎಂಬ ವರದಿ; ಎರಡನೆಯದು "ಪುರಾವೆ ದೊರೆಯದ ಕಾರಣ ಅಭಿಪ್ರಾಯ ನೀಡಲಾಗದು" ಎಂಬ ವರದಿ. ಎರಡನೆಯದನ್ನು ಓದಿ ಲೆಕ್ಕ ಸರಿಯಿದೆ ಎಂದು ಯಾವ ಬ್ಯಾಂಕೂ ಸಾಲ ಕೊಡುವುದಿಲ್ಲ. ಆದರೆ ಕಾರಿನ ಮಾಲೀಕರು ಮಾತ್ರ ಹಾಗೆಯೇ ನಂಬಿ ಓಡಿಸುತ್ತಾರೆ.

ನೇರ ದೀಪ ಕಂಡಾಗ ಸೆನ್ಸರನ್ನು ದೂರುವ ಮುನ್ನ ಹವಾಮಾನವನ್ನೂ ನೆನೆಯಬೇಕು. ಕಾರಿನ ಟೈರಿನಲ್ಲಿ ಉಷ್ಣತೆ 10 ಡಿಗ್ರಿ ಇಳಿದರೆ ಒತ್ತಡವು ಸುಮಾರು ಒಂದೂವರೆ ಪಿಎಸ್‌ಐ ಇಳಿಯುತ್ತದೆ. ನಮ್ಮ ಬಿರುಬೇಸಿಗೆಯ 40 ಡಿಗ್ರಿಯ ಮಧ್ಯಾಹ್ನ 36 ಪಿಎಸ್‌ಐ ತುಂಬಿಸಿದ ಟೈರು, 15 ಡಿಗ್ರಿಯ ಚಳಿಗಾಲದ ಬೆಳಗಿನಲ್ಲಿ ಏನೂ ಸೋರದಿದ್ದರೂ 32ಕ್ಕೆ ಬಂದಿರುತ್ತದೆ. ಆದ್ದರಿಂದ ಗಾಳಿಯನ್ನು ಬೆಳಿಗ್ಗೆ, ಟೈರು ತಣ್ಣಗಿರುವಾಗಲೇ ಅಳೆಯಬೇಕು. ಅಮೆರಿಕದ ನಿಯಮದಂತೆ ದೀಪ ಹೊತ್ತುವುದು ಒತ್ತಡವು ನಿಗದಿತ ಪ್ರಮಾಣಕ್ಕಿಂತ ಶೇ. 25ರಷ್ಟು ಇಳಿದಾಗ, ಅಂದರೆ 36ರ ಟೈರಿಗೆ 27ರಲ್ಲಿ, ಎಂಬುದನ್ನೂ ಗಮನಿಸಬೇಕು. ದೀಪ ಹೊತ್ತಿಲ್ಲವೆಂದ ಮಾತ್ರಕ್ಕೆ ಗಾಳಿ ಸರಿಯಿದೆಯೆಂದಲ್ಲ.

ಕೆಡುವುದೇಕೆ?

ನೇರ ಬಗೆಯ ವ್ಯವಸ್ಥೆಯಲ್ಲಿ ಪ್ರತಿ ಚಕ್ರದೊಳಗೆ, ಗಾಳಿ ತುಂಬುವ ವಾಲ್ವಿಗೆ ಅಂಟಿದಂತೆ ಒಂದು ಪುಟ್ಟ ಸೆನ್ಸರ್ ಇರುತ್ತದೆ. ಅದರ ಲಿಥಿಯಂ ಬ್ಯಾಟರಿಯನ್ನು ಅರಗಿನಂತಹ ವಸ್ತುವಿನಿಂದ ಮುಚ್ಚಿಬಿಟ್ಟಿರುವುದರಿಂದ ಬದಲಾಯಿಸಲು ಬರುವುದಿಲ್ಲ. ಅದರ ಆಯುಷ್ಯ ಸಾಮಾನ್ಯವಾಗಿ 5ರಿಂದ 10 ವರ್ಷ. ಹತ್ತು ವರ್ಷದ ಕಾರಿನಲ್ಲಿ ಸೆನ್ಸರ್ ಸತ್ತರೆ ಅದು ಅಪಘಾತವಲ್ಲ, ಅವಧಿ ಮುಗಿದ ಸರಕು.

ಬೇರೆ ಕಾರಣಗಳು ಮನುಷ್ಯರ ಕೈಯಿಂದ ಆದವು. ಪಂಕ್ಚರ್ ಹಾಕುವಾಗ ಟೈರನ್ನು ಕಳಚುವ ಸನ್ನೆಗೋಲು ಸೆನ್ಸರಿನ ಮೇಲೆಯೇ ಬಿದ್ದು ಅದು ಒಡೆಯುತ್ತದೆ. ಅಲ್ಯೂಮಿನಿಯಂ ವಾಲ್ವಿಗೆ ಸಾಧಾರಣ ಹಿತ್ತಾಳೆಯ ತಿರುಳು ಅಥವಾ ಅಂದದ ಲೋಹದ ಟೋಪಿ ಹಾಕಿದರೆ ಎರಡು ಲೋಹಗಳ ನಡುವೆ ತುಕ್ಕು ಹಿಡಿದು ಬಿಗಿಯುತ್ತದೆ. ಬಿಚ್ಚುವಾಗ ವಾಲ್ವೇ ಮುರಿಯುತ್ತದೆ. ನಿಕ್ಕಲ್ ಲೇಪಿತ ತಿರುಳು ಮತ್ತು ಪ್ಲಾಸ್ಟಿಕ್ ಟೋಪಿಯೇ ಸರಿ. ಪಂಕ್ಚರ್ ಮುಚ್ಚಲು ತುಂಬಿಸುವ ಅಂಟುದ್ರವವು ಸೆನ್ಸರಿನ ರಂಧ್ರವನ್ನು ಕಟ್ಟಿಬಿಡಬಹುದು.

ದುರಸ್ತಿಯ ಕ್ರಮ

ಮೊದಲು ಯಾವ ಸೆನ್ಸರ್ ಕೆಟ್ಟಿದೆಯೆಂದು ಪತ್ತೆಮಾಡಬೇಕು. ಪ್ರತಿ ಚಕ್ರದ ಬಳಿ ಹಿಡಿದು ಸೆನ್ಸರನ್ನು ಎಬ್ಬಿಸುವ ಉಪಕರಣವು ಗುರುತಿನ ಸಂಖ್ಯೆ ಮತ್ತು ಒತ್ತಡವನ್ನು ಓದುತ್ತದೆ. ಹಲವು ಸೆನ್ಸರುಗಳಲ್ಲಿ ಬ್ಯಾಟರಿಯ ಸ್ಥಿತಿಯನ್ನೂ ತೋರಿಸುತ್ತದೆ. ಈ ಪರೀಕ್ಷೆಗೆ ಟೈರು ಬಿಚ್ಚಬೇಕಿಲ್ಲ. ಪರೀಕ್ಷೆಯಿಲ್ಲದೆ ನಾಲ್ಕನ್ನೂ ಬದಲಿಸಿ ಎನ್ನುವವರ ಮಾತನ್ನು ಒಪ್ಪಬೇಕಿಲ್ಲ.

ಎರಡನೆಯದಾಗಿ, ತರಂಗಾಂತರ ಹೊಂದಬೇಕು. ಅಮೆರಿಕದ ಮಾರುಕಟ್ಟೆಗೆ ತಯಾರಾದ ಹೆಚ್ಚಿನ ಕಾರುಗಳ ಸೆನ್ಸರ್ 315 ಮೆಗಾಹರ್ಟ್ಸ್, ಯುರೋಪಿನವು 433 ಮೆಗಾಹರ್ಟ್ಸ್. ತಪ್ಪು ಸೆನ್ಸರ್ ಎಷ್ಟೇ ಹೊಸದಾದರೂ ಕಾರಿಗೆ ಕೇಳಿಸುವುದಿಲ್ಲ. ತಯಾರಕರ ಮೂಲ ಭಾಗ ದೊರೆಯದಿದ್ದರೆ, ಹಳೆಯ ಸೆನ್ಸರಿನ ಗುರುತಿನ ಸಂಖ್ಯೆಯನ್ನೇ ಬರೆಯಬಹುದಾದ ಸಾರ್ವತ್ರಿಕ ಸೆನ್ಸರುಗಳು ಮಾರುಕಟ್ಟೆಯಲ್ಲಿವೆ. ಬಹಳ ಹಳೆಯ ಮಾದರಿಗೆ ಅವು ಹೊಂದುತ್ತವೆಯೇ ಎಂದು ಕೊಳ್ಳುವ ಮುನ್ನವೇ ಖಚಿತಪಡಿಸಿಕೊಳ್ಳಬೇಕು.

ಒಂದೋ, ನಾಲ್ಕೋ?

ಇದು ಲೆಕ್ಕದ ಪ್ರಶ್ನೆ. ಉದಾಹರಣೆಗಾಗಿ ಮಾತ್ರ, ಸೆನ್ಸರಿಗೆ ರೂ. 3,500, ಪ್ರತಿ ಚಕ್ರದ ಕೂಲಿ ಮತ್ತು ಸಮತೋಲನಕ್ಕೆ ರೂ. 500, ಪ್ರತಿ ಸಲದ ಜೋಡಣೆಗೆ ರೂ. 1,000, ಹುಬ್ಬಳ್ಳಿಗೆ ಹೋಗಿಬರುವ ಖರ್ಚು ಮತ್ತು ವ್ಯರ್ಥವಾದ ದಿನಕ್ಕೆ ರೂ. 3,000 ಎಂದಿಟ್ಟುಕೊಳ್ಳೋಣ. ಒಂದೊಂದಾಗಿ ನಾಲ್ಕು ಸಲ ಹೋದರೆ ಒಟ್ಟು ರೂ. 32,000. ಒಂದೇ ಸಲ ನಾಲ್ಕನ್ನೂ ಬದಲಿಸಿದರೆ ರೂ. 20,000. ಹೇಗಿದ್ದರೂ ಹೊಸ ಟೈರು ಹಾಕಿಸುವ ದಿನವೇ ಇದನ್ನೂ ಮಾಡಿಸಿದರೆ, ಕೂಲಿ ಮತ್ತು ಪ್ರಯಾಣ ಟೈರಿನ ಖರ್ಚಿನಲ್ಲಿಯೇ ಸೇರಿ, ಸೆನ್ಸರಿನ ಪಾಲಿಗೆ ಬರುವುದು ರೂ. 15,000 ಮಾತ್ರ.

ನಾಲ್ಕೂ ಒಂದೇ ದಿನ ಹುಟ್ಟಿದವು. ಒಂದರ ಬ್ಯಾಟರಿ ಮುಗಿದರೆ ಉಳಿದವು ಬಹಳ ದೂರದಲ್ಲಿಲ್ಲ. ಆದರೆ ಎರಡು ವರ್ಷದ ಸೆನ್ಸರ್ ಪಂಕ್ಚರ್ ಅಂಗಡಿಯಲ್ಲಿ ಒಡೆದಿದ್ದರೆ ಅದೊಂದನ್ನೇ ಬದಲಿಸುವುದು ಜಾಣತನ. ಕಾರಣ ತಿಳಿಯದೆ ಖರ್ಚು ನಿರ್ಧರಿಸಬಾರದು.

ತೆರಿಗೆ ಮತ್ತು ವಿಮೆ

ಕಾರು ಸಂಸ್ಥೆಯ ಹೆಸರಿನಲ್ಲಿದ್ದು ವ್ಯವಹಾರಕ್ಕೆ ಬಳಕೆಯಾಗುತ್ತಿದ್ದರೆ ಈ ವೆಚ್ಚ ಚಾಲ್ತಿ ದುರಸ್ತಿಯೇ ಹೊರತು ಹೊಸ ಆಸ್ತಿಯಲ್ಲ. ಆ ವರ್ಷದ ಲಾಭನಷ್ಟ ಖಾತೆಗೇ ಹೋಗಬೇಕು. ಸ್ವಂತ ಬಳಕೆಯ ಪಾಲನ್ನು ಪ್ರಾಮಾಣಿಕವಾಗಿ ಕಳೆಯಬೇಕು. ಪಟ್ಟದಕಲ್ಲಿನ ಕುಟುಂಬಯಾತ್ರೆ ವ್ಯವಹಾರವಲ್ಲ. ಚಾಲಕನೂ ಸೇರಿ 13 ಆಸನಗಳವರೆಗಿನ ಪ್ರಯಾಣಿಕ ವಾಹನಗಳ ದುರಸ್ತಿ ಸೇವೆಯ ಮೇಲಿನ ಜಿಎಸ್‌ಟಿ ಹೂಡುವಳಿ ಜಮೆ ಸಾಮಾನ್ಯವಾಗಿ ದೊರೆಯುವುದಿಲ್ಲ. ಗ್ರಾನೈಟ್ ಸಾಗಿಸುವ ಲಾರಿಗೆ ಈ ನಿರ್ಬಂಧವಿಲ್ಲ. ಕಾರಿನ ಹೊಸ ಟೈರುಗಳ ತೆರಿಗೆ ದರ 2025ರ ಸೆಪ್ಟೆಂಬರ್ 22ರಿಂದ ಶೇ. 28ರಿಂದ ಶೇ. 18ಕ್ಕೆ ಇಳಿದಿರುವುದು ಜಮೆ ದೊರೆಯದ ಮಾಲೀಕರಿಗೆ ನಿಜವಾದ ಉಳಿತಾಯ.

ಸಾಮಾನ್ಯ ಮೋಟಾರು ವಿಮೆಯು ಸವೆತ, ಯಾಂತ್ರಿಕ ಮತ್ತು ವಿದ್ಯುತ್ ವೈಫಲ್ಯಗಳನ್ನು ಭರಿಸುವುದಿಲ್ಲ. ಟೈರು ಮಾತ್ರ ಹಾಳಾದರೆ ಪರಿಹಾರವಿಲ್ಲ. ವಾಹನವೂ ಜೊತೆಗೆ ಜಖಂಗೊಂಡಿದ್ದರೆ ಟೈರಿನ ಬೆಲೆಯ ಶೇ. 50ರ ಮಿತಿ. ಸೆನ್ಸರ್ ಸತ್ತು, ಗಾಳಿ ಇಳಿದುದು ತಿಳಿಯದೆ ಓಡಿಸಿ ಟೈರು ಸುಟ್ಟರೆ ನಷ್ಟವೆಲ್ಲ ಮಾಲೀಕರದೇ.

ಟೇಪಿನ ಬೆಲೆ

ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಎತ್ತುವ ಪ್ರಮೇಯ ಬರಬಾರದು. ಸೆನ್ಸರ್ ಬದಲಿಸುವವರೆಗೆ ಒಳ್ಳೆಯದೊಂದು ಕೈ ಮಾಪಕವನ್ನು ಕೊಂಡು, ವಾರಕ್ಕೊಮ್ಮೆ ಮತ್ತು ದೂರದ ಪ್ರಯಾಣದ ಪ್ರತಿ ಬೆಳಿಗ್ಗೆ, ಬಾಗಿಲ ಕಂಬದ ಚೀಟಿಯಲ್ಲಿರುವ ಅಂಕಿಗೆ ತಾಳೆ ನೋಡಬೇಕು. ಸ್ಪೋರ್ಟ್ಸ್ ಕಾರುಗಳಲ್ಲಿ ಮುಂದಿನ ಮತ್ತು ಹಿಂದಿನ ಟೈರುಗಳ ಒತ್ತಡ ಬೇರೆ ಬೇರೆ ಇರುವುದುಂಟು. ವೇಗವನ್ನು ತಗ್ಗಿಸಬೇಕು. ಸೆನ್ಸರ್ ಅಳವಡಿಸಿದ ತಿಂಗಳು ಮತ್ತು ವರ್ಷವನ್ನು ಕಾರಿನ ಕಡತದಲ್ಲಿ ಬರೆದಿಟ್ಟು, ಮುಂದಿನ ಬದಲಾವಣೆಯ ಮೊತ್ತವನ್ನು ಟೈರಿನ ಮುಂಗಡಪತ್ರದೊಳಗೇ ಸೇರಿಸಬೇಕು. ಕಾರನ್ನು ಮಾರುವುದಾದರೆ ಕೆಟ್ಟ ಸೆನ್ಸರಿನ ವಿಷಯವನ್ನು ಕೊಳ್ಳುವವರಿಗೆ ಮುಚ್ಚಿಡದೆ ತಿಳಿಸಬೇಕು.

ಟೇಪಿಗೆ ಖರ್ಚಾಗುವುದು ಒಂದು ರೂಪಾಯಿಯೂ ಅಲ್ಲ. ಆದರೆ ಅದನ್ನು ಅಂಟಿಸಿದ ದಿನದಿಂದ, ಮುಂದೊಂದು ದಿನ ನಿಜವಾಗಿಯೇ ಗಾಳಿ ಇಳಿದಾಗ ಹೇಳುವವರು ಯಾರೂ ಇರುವುದಿಲ್ಲ. ಆ ದಿನ ಪಕ್ಕದ ಆಸನದಲ್ಲಿ ಮನೆಯವರು ಕುಳಿತಿರಬಹುದು. ಯಾವ ಖಾತೆಯಲ್ಲಿಯೂ ಕಾಣದ ಈ ಹೊಣೆಯನ್ನು ಹದಿನೈದು ಇಪ್ಪತ್ತು ಸಾವಿರ ರೂಪಾಯಿಗಳಲ್ಲಿ ತೀರಿಸಿಕೊಳ್ಳಬಹುದಾದರೆ, ಅದು ದುಬಾರಿ ವ್ಯವಹಾರವೆಂದು ಹೇಳಲಾಗದು.