ಅಡುಗೆಮನೆಯ ಅರ್ಧ ಗಂಟೆ

2025ರ ತಪಸ್ಸುಕಾಲದಲ್ಲಿ ನಾವು ತಮಿಳುನಾಡಿನ ತೇನಿ ಜಿಲ್ಲೆಗೆ ಹೋಗಿದ್ದೆವು. ಸಕಲೇಶಪುರದ ಕಡೆ ಏಲಕ್ಕಿ ಬೆಳೆಯುವ ನನ್ನ ಅಣ್ಣನಿಗೆ ಬೋಡಿನಾಯಕನೂರಿನ ಏಲಕ್ಕಿ ಹರಾಜು ಕೇಂದ್ರವನ್ನು ಒಮ್ಮೆ ಕಣ್ಣಾರೆ ನೋಡಬೇಕೆಂಬ ಆಸೆ ಬಹುದಿನದ್ದು. ಜೊತೆಗೆ ಅತ್ತಿಗೆ, ನಾನು, ಅಣ್ಣನ ಮಗಳು. ಹುಡುಗಿಗೆ ಬರಲು ಮನಸ್ಸಿರಲಿಲ್ಲ. ನಾವೇ ಬಲವಂತ ಮಾಡಿ ಕಾರಿಗೆ ಹತ್ತಿಸಿದೆವು.

ಕಾರಣವಿತ್ತು. ಅವಳು ಬಿ.ಎಸ್ಸಿ. ನರ್ಸಿಂಗ್ ಮುಗಿಸಿ ಎರಡು ವರ್ಷ ದುಡಿದು, ಜರ್ಮನಿಗೆ ಹೋಗಬೇಕೆಂದು ಕೆಲಸ ಬಿಟ್ಟು ಜರ್ಮನ್ ಭಾಷೆ ಕಲಿಯುತ್ತಿದ್ದಳು. ನರ್ಸ್ ಆಗಿ ಮಾನ್ಯತೆ ಪಡೆಯಲು ಅಲ್ಲಿ ಸಾಮಾನ್ಯವಾಗಿ ಬಿ2 ಮಟ್ಟದ ಭಾಷೆ ಕೇಳುತ್ತಾರೆ. ಎ1ರಿಂದ ಆರಂಭವಾಗುವ ಆರು ಮೆಟ್ಟಿಲುಗಳಲ್ಲಿ ಇದು ನಾಲ್ಕನೆಯದು. ಪರೀಕ್ಷೆಯಲ್ಲಿ ನಾಲ್ಕು ಭಾಗ: ಓದುವುದು, ಕೇಳುವುದು, ಬರೆಯುವುದು, ಮಾತನಾಡುವುದು. ಮೊದಲ ಮೂರರಲ್ಲಿ ಹುಡುಗಿ ಪಾಸು, ಮಾತಿನಲ್ಲಿ ಫೇಲು. ನೂರಕ್ಕೆ ಅರವತ್ತು ಬೇಕಿತ್ತು, ನಲವತ್ತೊಂದು ಬಂದಿತ್ತು. ಅಣ್ಣ ಅದಕ್ಕಾಗಿ ಸಾಲ ಮಾಡಿದ್ದ. ಅವನು ಒಂದು ಮಾತೂ ಆಡಲಿಲ್ಲ. ಅದೇ ಅವಳಿಗೆ ಹೆಚ್ಚು ನೋವು.

"ಅತ್ತೆ, ಪುಸ್ತಕದಲ್ಲಿರೋದೆಲ್ಲ ನಂಗೆ ಗೊತ್ತು. ಎದುರಿಗೆ ಒಬ್ಬರು ಕೂತರೆ ಬಾಯಿ ಕಟ್ಟಿಹೋಗುತ್ತೆ" ಎಂದು ದಾರಿಯಲ್ಲಿ ಒಮ್ಮೆ ಹೇಳಿದಳು. ಅಷ್ಟೇ.

ಕಂಬಂನಲ್ಲಿ ಕನ್ನಡ

ಪಶ್ಚಿಮಘಟ್ಟದ ಮಡಿಲಲ್ಲಿರುವ ಕಂಬಂ ಕಣಿವೆ ನೋಡಲು ಸುಂದರ. 1895ರಲ್ಲಿ ಪೂರ್ಣಗೊಂಡ ಮುಲ್ಲಪೆರಿಯಾರ್ ಅಣೆಕಟ್ಟಿನ ನೀರು ಬೆಟ್ಟದ ಸುರಂಗದ ಮೂಲಕ ಈ ಕಡೆಗೆ ಹರಿದುಬರುತ್ತದೆ. ಗದ್ದೆ, ಬಾಳೆ, ತೆಂಗು, ಎಲ್ಲಕ್ಕಿಂತ ಹೆಚ್ಚಾಗಿ ದ್ರಾಕ್ಷಿ. ಇಲ್ಲಿಯ ಪನ್ನೀರು ದ್ರಾಕ್ಷಿಗೆ 2023ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಈ ತಳಿಯನ್ನು 1832ರಲ್ಲಿ ತಮಿಳುನಾಡಿಗೆ ತಂದವರು ಒಬ್ಬ ಫ್ರೆಂಚ್ ಪಾದ್ರಿ ಎನ್ನುತ್ತಾರೆ.

ದ್ರಾಕ್ಷಿ ಕೊಳ್ಳಲೆಂದು ರಸ್ತೆ ಬದಿ ಇಳಿದಾಗ ಒಂದು ಸೋಜಿಗ ಕಾದಿತ್ತು. ತಮಿಳಿನಲ್ಲಿ ಬೆಲೆ ಹೇಳುತ್ತಿದ್ದ ಅಜ್ಜಿ ತಿರುಗಿ ಮೊಮ್ಮಗನನ್ನು ಗದರಿಸಿದ್ದು ಕನ್ನಡದಲ್ಲಿ! ರಾಗ ಬೇರೆ, ನಡುನಡುವೆ ತಮಿಳು ಮಾತು, ಆದರೂ ಕನ್ನಡವೇ. ಅತ್ತಿಗೆ ಬಾಯ್ತೆರೆದು ನಿಂತುಬಿಟ್ಟರು.

ಆಮೇಲೆ ತಿಳಿಯಿತು, ಇದು ಅಪರೂಪವೇನಲ್ಲ. ಕಂಬಂ, ತೇವಾರಂ, ಬೋಡಿ ಸುತ್ತಮುತ್ತ, ಹಾಗೆಯೇ ದಿಂಡಿಗಲ್ ಕಡೆಯೂ, ಕನ್ನಡ ಮನೆಮಾತಿನ ಒಕ್ಕಲಿಗರು, ಕಾಪ್ಪಿಲಿಯರು, ಅನುಪ್ಪರು ಇದ್ದಾರೆ. ಥರ್ಸ್ಟನ್ ಎಂಬ ಅಧಿಕಾರಿ 1909ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜಾತಿ-ಬುಡಕಟ್ಟುಗಳ ಸಂಪುಟಗಳಲ್ಲೂ ಕಾಪ್ಪಿಲಿಯರ, ಅನುಪ್ಪರ ಕನ್ನಡದ ಪ್ರಸ್ತಾಪವಿದೆ. ವಿಜಯನಗರದ ಕಾಲದಲ್ಲಿ ವಲಸೆ ಬಂದವರೆಂಬುದು ಇಲ್ಲಿಯ ನಂಬಿಕೆ. ಓದು, ಬರಹ, ವ್ಯಾಪಾರ ಎಲ್ಲ ತಮಿಳಿನಲ್ಲಿ. ಕನ್ನಡ ಅಕ್ಷರ ಕಲಿತವರು ಇಲ್ಲವೆನ್ನುವಷ್ಟು ಕಡಿಮೆ. ಆದರೂ ತಲೆತಲಾಂತರದಿಂದ ಭಾಷೆ ಅಡುಗೆಮನೆಯಲ್ಲಿ, ದನದ ಕೊಟ್ಟಿಗೆಯಲ್ಲಿ ಉಳಿದುಬಂದಿದೆ.

ನಮ್ಮ ಹುಡುಗಿ ಅಜ್ಜಿಯನ್ನು ಕೇಳಿಯೇಬಿಟ್ಟಳು: "ನಿಮಗೆ ಕನ್ನಡ ಯಾರು ಕಲಿಸಿದ್ರು?"

ಅಜ್ಜಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಕಲಿಸುವುದೇನು ಬಂತು? ಅವ್ವ ಮಾತಾಡಿದಳು, ನಾನೂ ಮಾತಾಡಿದೆ ಎಂಬಂತೆ ನಕ್ಕು, ಒಂದು ಹಿಡಿ ದ್ರಾಕ್ಷಿ ಹೆಚ್ಚಿಗೆ ಹಾಕಿದಳು.

ಹುಟ್ಟಿನಿಂದ ಕೇಳಿದ ಭಾಷೆಗೂ ಇಪ್ಪತ್ತೈದರಲ್ಲಿ ಕಲಿಯುವ ಭಾಷೆಗೂ ಅಂತರವಿದೆ ಎಂದು ನೀವು ಹೇಳಬಹುದು. ನಿಜ. ಜರ್ಮನಿನಲ್ಲಿ ಗದರಿಸುವ ಅಜ್ಜಿಯನ್ನು ಬೆಂಗಳೂರಿನಲ್ಲಿ ಎಲ್ಲಿಂದ ತರುವುದು? ಆದರೆ ಹುಡುಗಿ ಕಾರಿನಲ್ಲಿ ಲೆಕ್ಕ ಹಾಕಿದಳು. ಒಂದೂವರೆ ವರ್ಷದ ಕಲಿಕೆಯಲ್ಲಿ ತಾನು ಬಾಯಿಬಿಟ್ಟು ಜರ್ಮನ್ ಆಡಿದ ಹೊತ್ತೆಲ್ಲ ಕೂಡಿಸಿದರೆ ಹತ್ತು ಗಂಟೆಯೂ ಆಗಲಾರದು. ತರಗತಿಯಲ್ಲಿ ಮೂವತ್ತು ಮಂದಿ. ಉಳಿದದ್ದೆಲ್ಲ ಫೋನಿನ ಆ್ಯಪ್. ಅದು ತಪ್ಪು ಉತ್ತರಕ್ಕೆ ಟಿಂಗ್ ಎನ್ನುತ್ತದೆ, ಪದ ನೆನಪಿಡಲು ಒಳ್ಳೆಯದೇ. ಆದರೆ ನಾವು ತಡವರಿಸಿದಾಗ ಮುಖ ನೋಡಿ ಕಾಯುವುದಿಲ್ಲ.

ತಿಳಿದ ಕಥೆ, ತಿಳಿಯದ ಭಾಷೆ

ಭಾನುವಾರದ ಬಲಿಪೂಜೆಗೆ ರಾಯಪ್ಪನ್‌ಪಟ್ಟಿಗೆ ಹೋದೆವು. ಕಣಿವೆಯ ಹಳೆಯ ಕಥೋಲಿಕ ಊರು ಅದು. ಅಂದು ತಪಸ್ಸುಕಾಲದ ನಾಲ್ಕನೆಯ ಭಾನುವಾರ, ದುಂದುಗಾರ ಮಗನ ಸಾಮತಿ. ನಮ್ಮಲ್ಲಿ ಯಾರಿಗೂ ಸರಿಯಾಗಿ ತಮಿಳು ಬಾರದು. ಆದರೂ ಶುಭಸಂದೇಶ ಓದಿದಾಗ ಕಥೆ ಒಂದೊಂದಾಗಿ ಬಿಚ್ಚಿಕೊಳ್ಳುತ್ತಾ ಹೋಯಿತು. 'ಮಗನ್' ಎಂದರೆ ಮಗ, 'ತಂದೈ' ಎಂದರೆ ತಂದೆ. 'ಪನ್ರಿ' ಎಂಬುದು ಬಂದಾಗ ಹುಡುಗಿ ನನ್ನ ಮೊಣಕೈ ತಿವಿದು ಪಿಸುಗುಟ್ಟಿದಳು: "ಹಂದಿ, ಅತ್ತೆ! ಪಾಲು-ಹಾಲು ಇದ್ದ ಹಾಗೆ." ಪ್ರಾರ್ಥನೆಯ ಹೊತ್ತಲ್ಲಿ ಮಾತಾಡಬಾರದು, ಆದರೆ ಎಷ್ಟೋ ದಿನದ ಮೇಲೆ ಅವಳ ಮುಖ ಅರಳಿದ್ದನ್ನು ನೋಡಿ ನಾನು ಸುಮ್ಮನಾದೆ.

ನಮ್ಮ ಕುಟುಂಬಗಳಿಗೆ ಇದೊಂದು ದೊಡ್ಡ ಅನುಕೂಲ. ಪೂಜಾವಿಧಿಯ ವಾಚನಗಳು ಧರ್ಮಸಭೆಯಲ್ಲಿ ಬಹುಮಟ್ಟಿಗೆ ಎಲ್ಲೆಡೆ ಒಂದೇ. ಇಲ್ಲಿ ಕನ್ನಡದಲ್ಲಿ ಕೇಳಿದ ಶುಭಸಂದೇಶವನ್ನೇ ಅಂದು ಜರ್ಮನಿಯ ಹಳ್ಳಿಯಲ್ಲೂ ಓದುತ್ತಾರೆ. ಕಥೆ ಮೊದಲೇ ಗೊತ್ತಿರುವುದರಿಂದ ಹೊಸ ಪದದ ಅರ್ಥ ನಿಘಂಟು ತೆರೆಯುವ ಮೊದಲೇ ಹೊಳೆಯುತ್ತದೆ. ಶನಿವಾರ ಸಂಜೆ ಆ ಭಾಗವನ್ನು ಮೊದಲು ಕನ್ನಡದಲ್ಲಿ, ಬಳಿಕ ಕಲಿಯುವ ಭಾಷೆಯಲ್ಲಿ ಗಟ್ಟಿಯಾಗಿ ಓದಿ, ಪುಸ್ತಕ ಮುಚ್ಚಿ ಮೂರು-ನಾಲ್ಕು ವಾಕ್ಯಗಳಲ್ಲಿ ಬಾಯಲ್ಲಿ ಹೇಳಿ ನೋಡಬಹುದು. ಮೊದಲ ವಾರ ಮುಜುಗರವಾಗುತ್ತದೆ, ಆಗಲಿ.

ಆದರೆ ಬೈಬಲಿನ ಭಾಷೆಯಿಂದ ಆಸ್ಪತ್ರೆಯ ವಾರ್ಡು ನಡೆಯದು. ಈ ಮಾತು ಸ್ಪಷ್ಟವಾದದ್ದು ದಿಂಡಿಗಲ್‌ನಲ್ಲಿ.

ಮೂವತ್ತರ ಇಟಾಲಿಯನ್ ವಿದ್ಯಾರ್ಥಿ

ಕಂಬಂನಿಂದ ನೂರಕ್ಕೂ ಹೆಚ್ಚು ಕಿಲೋಮೀಟರ್ ಬಂದರೆ ದಿಂಡಿಗಲ್. 2003ರಲ್ಲಿ ರಚನೆಯಾದ ಧರ್ಮಪ್ರಾಂತ್ಯ. ಪ್ರಧಾನ ದೇವಾಲಯ ಸಂತ ಜೋಸೆಫರದು. ಅಲ್ಲಿ ಯೇಸುಸಭೆಯ ನವಶಿಷ್ಯಾಲಯವೊಂದಿದೆ, ಹೆಸರು 'ಬೆಸ್ಕಿ ಇಲ್ಲಂ'. ಬೆಸ್ಕಿ ಯಾರೆಂದು ಹುಡುಗಿ ಕೇಳಿದಳು. ಊಟಕ್ಕೆ ಕುಳಿತಲ್ಲಿ ನನಗೆ ತಿಳಿದಷ್ಟು ಹೇಳಿದೆ. ನೀವೂ ಕೇಳಿ.

ಕಾನ್ಸ್ಟಾಂಜೊ ಬೆಸ್ಕಿ 1680ರಲ್ಲಿ ಉತ್ತರ ಇಟಲಿಯ ಕಾಸ್ಟಿಲಿಯೋನೆ ಎಂಬಲ್ಲಿ ಹುಟ್ಟಿದರು. 1710ರಲ್ಲಿ ಗೋವಾಕ್ಕೆ ಬಂದು, ಅಲ್ಲಿಂದ ಮದುರೈ ಮಿಷನ್ ಸೇರಿದರು. ಆಗ ವಯಸ್ಸು ಮೂವತ್ತು. ತಮಿಳಿನ ಒಂದಕ್ಷರ ಕಾಣದ ಕಿವಿ, ನಾಲಗೆ. ಅದೇ ಮನುಷ್ಯ ಹದಿನೈದು-ಹದಿನಾರು ವರ್ಷಗಳಲ್ಲಿ, 1726ರ ವೇಳೆಗೆ, ಸಂತ ಜೋಸೆಫರ ಬದುಕನ್ನು 3,615 ಪದ್ಯಗಳ ತಮಿಳು ಮಹಾಕಾವ್ಯವಾಗಿ ಬರೆದರು. ಅದೇ 'ತೇಂಬಾವಣಿ'. 1732ರಲ್ಲಿ 'ಚತುರಕರಾದಿ' ಎಂಬ ನಿಘಂಟು. ತಮಿಳಿನ ಹ್ರಸ್ವ-ದೀರ್ಘ ಎ, ಒ ಅಕ್ಷರಗಳನ್ನು ಬರಹದಲ್ಲಿ ಬೇರ್ಪಡಿಸಿದ ಕೀರ್ತಿಯೂ ಅವರದೇ ಎನ್ನುತ್ತಾರೆ. ತಮಿಳರು ಅವರನ್ನು ವೀರಮಾಮುನಿವರ್ ಎಂದು ಕರೆದರು. 1968ರ ವಿಶ್ವ ತಮಿಳು ಸಮ್ಮೇಳನದ ಹೊತ್ತಿಗೆ ಚೆನ್ನೈನ ಮರೀನಾ ಕಡಲತೀರದಲ್ಲಿ ಅವರ ಪ್ರತಿಮೆ ನಿಂತಿತು.

ದೇವರು ಕೊಟ್ಟ ಪ್ರತಿಭೆ ಎಂದುಬಿಟ್ಟರೆ ನಮಗೆ ಕಲಿಯುವುದಕ್ಕೇನೂ ಉಳಿಯುವುದಿಲ್ಲ. ಪ್ರತಿಭೆ ಇದ್ದೇ ಇತ್ತು. ಆದರೆ ಅವರ ಪಕ್ಕದಲ್ಲಿ ಒಬ್ಬರು ಕುಳಿತಿದ್ದರು ಎಂಬುದನ್ನು ನಾವು ಮರೆಯುತ್ತೇವೆ. ಸುಪ್ರದೀಪ ಕವಿರಾಯರ್ ಎಂಬ ತಮಿಳು ಪಂಡಿತರು ಅವರ ಗುರುವೆಂದು ತಮಿಳು ಪರಂಪರೆ ಹೇಳುತ್ತದೆ. ಅವರಿಗೆ ನೂರು ವರ್ಷ ಮೊದಲು, 1606ರಲ್ಲಿ ಮದುರೈಗೆ ಬಂದ ರಾಬರ್ಟ್ ಡಿ ನೊಬಿಲಿಯವರಿಗೂ ಹೀಗೆಯೇ. ತೆಲುಗು ಬ್ರಾಹ್ಮಣ ಶಿವಧರ್ಮ ಅವರಿಗೆ ಸಂಸ್ಕೃತ ಕಲಿಸಿದರು. ಶಿಷ್ಯನಾಗಿ ನೆಲದ ಮೇಲೆ ಕೂರಲು ಈ ಗುರುಗಳು ನಾಚಲಿಲ್ಲ.

ಬೆಸ್ಕಿಯವರ ಇನ್ನೊಂದು ಕೆಲಸ ನನಗೆ ಮಹಾಕಾವ್ಯಕ್ಕಿಂತ ಇಷ್ಟ. ಹೊಸದಾಗಿ ಬರುವ ಮಿಷನರಿಗಳಿಗಾಗಿ ಅವರು ಲ್ಯಾಟಿನ್ನಿನಲ್ಲಿ ತಮಿಳು ವ್ಯಾಕರಣ ಬರೆದರು. ಅದು ಕವಿಗಳ 'ಸೆಂತಮಿಳ್' ವ್ಯಾಕರಣವಲ್ಲ, ಬೀದಿಯಲ್ಲಿ ಜನ ಆಡುವ 'ಕೊಡುಂತಮಿಳ್' ವ್ಯಾಕರಣ. ಕಾವ್ಯದ ತಮಿಳಿಗೆ ಬೇರೆಯೇ ಪುಸ್ತಕ ಬರೆದರು. ಅಂದರೆ ಯಾರೊಡನೆ ಯಾವ ಮಾತು ಬೇಕು ಎಂಬ ಲೆಕ್ಕ ಅವರಿಗಿತ್ತು. ತಮಾಷೆ ನೋಡಿ, ಆ ವ್ಯಾಕರಣವನ್ನು 1738ರಲ್ಲಿ ಅಚ್ಚು ಹಾಕಿದವರು ತರಂಗಂಬಾಡಿಯ ಲೂಥರನ್ನರು. ಅವರಿಗೂ ಬೆಸ್ಕಿಯವರಿಗೂ ಧರ್ಮತತ್ತ್ವದ ಜಗಳ ಜೋರಾಗಿತ್ತು!

"ನಂಗೂ ಒಬ್ಬ ಕವಿರಾಯರ್ ಬೇಕು, ಅತ್ತೆ" ಎಂದಳು ಹುಡುಗಿ. ನಗುತ್ತಲೇ ಹೇಳಿದಳು. ನನಗೆ ಮಾತ್ರ ರಾತ್ರಿಯೆಲ್ಲ ಅದೇ ಗುಂಗು.

ಕಾನ್ವೆಂಟಿನ ಸಿಸ್ಟರ್

1960ರ ದಶಕದಿಂದ ಕೇರಳದ ಎಷ್ಟೋ ಯುವತಿಯರು ಧರ್ಮಸಭೆಯ ಮೂಲಕ ಜರ್ಮನಿಯ ಆಸ್ಪತ್ರೆಗಳಿಗೆ ಹೋದರು. ಕನ್ಯಾಸ್ತ್ರೀಯರೂ ಹೋದರು. ಹಾಗೆ ಹೋಗಿ ಮುಪ್ಪಿನಲ್ಲಿ ಮರಳಿದ ಒಬ್ಬ ಸಿಸ್ಟರ್ ನಮ್ಮ ಪಕ್ಕದ ಧರ್ಮಕೇಂದ್ರದ ಕಾನ್ವೆಂಟಿನಲ್ಲಿದ್ದಾರೆ. ಊರಿಗೆ ಬಂದ ವಾರವೇ ಹೋಗಿ ಕೇಳಿಕೊಂಡೆ. "ನಾನು ಟೀಚರ್ ಅಲ್ಲಮ್ಮ, ವ್ಯಾಕರಣ ಬಾರದು" ಎಂದರು. ಬರಲಿ, ತರಕಾರಿ ಹೆಚ್ಚಲು ನನಗೂ ಒಂದು ಕೈ ಬೇಕು ಎಂದೂ ಸೇರಿಸಿದರು.

ಮರುದಿನದಿಂದ ಸಂಜೆ ಆರೂವರೆಗೆ, ಕಾನ್ವೆಂಟಿನ ಅಡುಗೆಮನೆಯಲ್ಲಿ ಅರ್ಧ ಗಂಟೆ. ಆ ಅರ್ಧ ಗಂಟೆ ಕನ್ನಡ, ಇಂಗ್ಲಿಷ್ ಎರಡಕ್ಕೂ ರಜೆ. ಮೊದಲ ಹದಿನೈದು ದಿನ ಹುಡುಗಿ ಹೆಚ್ಚು ಬೀನ್ಸ್, ಕಡಿಮೆ ಮಾತು. ಸಿಸ್ಟರ್ ಪ್ರತಿ ತಪ್ಪನ್ನೂ ಹಿಡಿಯಲಿಲ್ಲ. ಮಾತು ಮುಗಿಯುವವರೆಗೆ ಕಾದು, ಅದೇ ವಾಕ್ಯವನ್ನು ಸರಿಯಾಗಿ ತಾವೊಮ್ಮೆ ಹೇಳುತ್ತಿದ್ದರು. ಹುಡುಗಿ ಮನೆಗೆ ಬಂದು ಅಂದಿನ ಐದು ವಾಕ್ಯಗಳನ್ನು ನೋಟ್‌ಬುಕ್ಕಿನಲ್ಲಿ ಬರೆದು, ಬೆಳಿಗ್ಗೆ ಬಟ್ಟೆ ಒಗೆಯುತ್ತಾ ಗಟ್ಟಿಯಾಗಿ ಹೇಳುತ್ತಿದ್ದಳು. ಅತ್ತಿಗೆಗೆ ಮೊದಲು ಗಾಬರಿಯಾಗಿತ್ತು.

ಕನ್ನಡ ಬಲ್ಲವರಿಗೆ ಜರ್ಮನಿನಲ್ಲಿ ಕೆಲವು ಸಲೀಸುಗಳಿವೆ ಎಂಬುದನ್ನೂ ಸಿಸ್ಟರ್ ತೋರಿಸಿಕೊಟ್ಟರು. ನೀನು-ನೀವು ಎಂಬ ಭೇದ ಅಲ್ಲೂ ಇದೆ: ಮನೆಯವರಿಗೆ 'ಡು', ರೋಗಿಗೆ 'ಜೀ'. 'ಏಕೆಂದರೆ', 'ಯಾವಾಗ' ಎಂದು ಸೇರಿಸುವ ಉಪವಾಕ್ಯದಲ್ಲಿ ಕ್ರಿಯಾಪದ ನಮ್ಮಂತೆಯೇ ಕೊನೆಗೆ ಹೋಗುತ್ತದೆ. ಇಂಗ್ಲಿಷಿನ ಮೂಲಕ ಯೋಚಿಸಿ ಹುಡುಗಿ ಎಡವುತ್ತಿದ್ದದ್ದು ಅಲ್ಲಿಯೇ! ಆದರೆ 'ಡೆರ್, ಡೀ, ಡಾಸ್' ಎಂಬ ಲಿಂಗದ ಗೊಂದಲಕ್ಕೆ ಸಲೀಸು ದಾರಿಯಿಲ್ಲ. ನಾಮಪದದ ಜೊತೆಗೇ ಬಾಯಿಪಾಠ ಮಾಡಬೇಕು. ಚಮಚ ಪುಲ್ಲಿಂಗ, ಫೋರ್ಕು ಸ್ತ್ರೀಲಿಂಗ, ಚಾಕು ನಪುಂಸಕ. ಯಾಕೆ ಎಂದು ಕೇಳಿದರೆ ಸಿಸ್ಟರ್ ಚಾಕು ತೋರಿಸಿ ಈರುಳ್ಳಿ ಕಡೆ ಕೈ ಮಾಡುತ್ತಿದ್ದರು.

ತಿಂಗಳು ಎರಡಾದ ಮೇಲೆ ವಾರ್ಡಿನ ಮಾತು ಶುರುವಾಯಿತು. ಸಿಸ್ಟರ್ ರೋಗಿ, ಹುಡುಗಿ ನರ್ಸ್. ಎಲ್ಲಿ ನೋವು, ಎಂದಿನಿಂದ, ಆಪರೇಷನ್ನಿಗೆ ಮುಂಚೆ ಏಕೆ ಏನೂ ತಿನ್ನಬಾರದು. ಖಾಲಿ ಹೊಟ್ಟೆಗೆ ಜರ್ಮನಿನಲ್ಲಿ 'ನ್ಯುಷ್ಟರ್ನ್' ಎನ್ನುತ್ತಾರೆ, ಕುಡಿಯದವನಿಗೂ ಅದೇ ಪದ. ಯಾವ ಮುದುಕನಿಗೆ ಹೇಗೆ ಕೇಳಬೇಕೆಂದು ಸಿಸ್ಟರ್ ನಟಿಸಿ ತೋರಿಸಿದ ದಿನ ಅಡುಗೆಯ ಹೆಂಗಸೂ ನಕ್ಕಳಂತೆ. ಮಳೆಗಾಲದಲ್ಲಿ ಸಿಸ್ಟರ್ ಜ್ವರದಿಂದ ಮಲಗಿದ್ದಾಗ ಹತ್ತು ದಿನ ಪಾಠವಿರಲಿಲ್ಲ. ಹುಡುಗಿಯ ನಾಲಗೆ ಮತ್ತೆ ತೊಡರಿತು. ಆಗ ದಿನದ ಬೆಲೆ ನಮಗೆಲ್ಲ ತಿಳಿಯಿತು.

ನವೆಂಬರಿನಲ್ಲಿ ಮತ್ತೆ ಮಾತಿನ ಭಾಗವೊಂದಕ್ಕೇ ಪರೀಕ್ಷೆ ಕಟ್ಟಿದಳು. ಮೊದಲು ಒಂದು ವಿಷಯದ ಮೇಲೆ ಚಿಕ್ಕ ಭಾಷಣ, ಬಳಿಕ ಇನ್ನೊಬ್ಬ ಅಭ್ಯರ್ಥಿಯೊಡನೆ ಚರ್ಚೆ. ನಡುವೆ ಒಂದು ಪದ ಮರೆತಾಗ, ಹಿಂದಿನಂತೆ ಬಾಯಿ ಕಟ್ಟದೆ, ಅದನ್ನೇ ಬೇರೆ ಮಾತಿನಲ್ಲಿ ಸುತ್ತಿಬಳಸಿ ಹೇಳಿದಳಂತೆ. ಅರವತ್ತೆಂಟು ಬಂತು. ಅಣ್ಣ ಫೋನಿನಲ್ಲಿ ಆ ಅಂಕಿಯನ್ನು ಎರಡು ಸಲ ಓದಿಸಿಕೊಂಡು, ಏನೂ ಹೇಳದೆ ತೋಟಕ್ಕೆ ಹೋದ.

ಹುಡುಗಿ ಕೇಕ್ ಹಿಡಿದು ಕಾನ್ವೆಂಟಿಗೆ ಓಡಿದಳು, ನಾನೂ ಜೊತೆಗಿದ್ದೆ. ಸಿಸ್ಟರ್ ಕೇಕ್ ಪಕ್ಕಕ್ಕಿಟ್ಟು, ಪರೀಕ್ಷೆಯಲ್ಲಿ ಕೇಳಿದ ಪ್ರಶ್ನೆ ಯಾವುದು, ಏನು ಹೇಳಿದೆ ಎಂದು ಜರ್ಮನಿನಲ್ಲೇ ವಿಚಾರಿಸಿದರು. ಅವಳು ಉತ್ಸಾಹದಿಂದ ಎಲ್ಲ ಹೇಳಿ ಮುಗಿಸುವವರೆಗೂ ಸುಮ್ಮನಿದ್ದು, ಎರಡು ಕಡೆ 'ಡೆರ್' ಅನ್ನು 'ಡೀ' ಮಾಡಿಸಿದರು. ಆಮೇಲೆ ಚಾಕು ಕೈಗೆ ಕೊಟ್ಟರು. ಆರೂವರೆ ಆಗಿತ್ತು.