ಎದುರಿಗೆ ಕಾಣುವ ಅರಮನೆಗೊಂದು ಕಾಲುದಾರಿ

ಅಮೆರಿಕದ ಫ್ಲಾರಿಡಾ ರಾಜ್ಯದಲ್ಲಿ, ಒರ್ಲಾಂಡೋ ನಗರದ ಸಮೀಪ, ವಾಲ್ಟ್ ಡಿಸ್ನಿ ವರ್ಲ್ಡ್ ಎಂಬ ವಿನೋದಧಾಮವು 1971ರ ಅಕ್ಟೋಬರ್ 1ರಂದು ಬಾಗಿಲು ತೆರೆಯಿತು. ಅದರ ಮೊದಲ ಉದ್ಯಾನವಾದ ಮ್ಯಾಜಿಕ್ ಕಿಂಗ್‌ಡಮ್ಮಿಗೆ ಕಾರಿನಲ್ಲಿ ಬಂದವರು ವಾಹನ ನಿಲ್ಲಿಸುವುದು ಉದ್ಯಾನದ ಬಾಗಿಲಲ್ಲಲ್ಲ, ವಿಶಾಲವಾದ ಸರೋವರವೊಂದರ ಈಚೆಯ ದಡದಲ್ಲಿ. 189 ಅಡಿ ಎತ್ತರದ ಸಿಂಡರೆಲಾ ಅರಮನೆ ನೀರಿನಾಚೆ ಕಾಣುತ್ತಿರುತ್ತದೆ. ಆದರೆ ದೋಣಿಯನ್ನೋ ಮಾನೋರೈಲನ್ನೋ ಏರಿಯೇ ಅದನ್ನು ತಲುಪಬೇಕೆಂಬುದು ಬಹುಕಾಲದ ಏರ್ಪಾಡಾಗಿತ್ತು.

ಇದು ಮರೆವಿನಿಂದಾದ ಕೊರತೆಯಲ್ಲ. ಅಲ್ಲಿಯದು ಜೌಗುನೆಲ, ಸ್ವಲ್ಪ ಅಗೆದರೂ ನೀರು. ಆದ್ದರಿಂದ ಸರೋವರವನ್ನು ತೋಡಿ, ಆ ಮಣ್ಣಿನಿಂದಲೇ ಉದ್ಯಾನದ ನೆಲವನ್ನು ಎತ್ತರಿಸಿದರು. ಸಂದರ್ಶಕರು ಅಡ್ಡಾಡುವ ಬೀದಿಗಳು ನಿಜಕ್ಕೂ ಎರಡನೆಯ ಅಂತಸ್ತು. ಅವುಗಳ ಕೆಳಗೆ ನೌಕರರು ಓಡಾಡುವ ಸುರಂಗಗಳಿವೆ. ಹೊರಗಿನ ಲೋಕವನ್ನು ಹಿಂದೆ ಬಿಟ್ಟು ನೀರು ದಾಟಿ ಬರುವುದೂ ಆಟದ ಒಂದು ಅಂಗವೆಂಬುದು ನಿರ್ಮಾಪಕರ ಕಲ್ಪನೆ. ಕಲ್ಪನೆಯೇನೋ ಸುಂದರ. ಆದರೆ ರಾತ್ರಿ ಬಾಣಬಿರುಸು ಮುಗಿದೊಡನೆ ಸಾವಿರಾರು ಜನ ಒಮ್ಮೆಗೇ ಹೊರಟಾಗ, ನಿದ್ದೆಗಣ್ಣಿನ ಮಗುವನ್ನು ಹೆಗಲಿಗೇರಿಸಿಕೊಂಡು ಸಾಲಿನಲ್ಲಿ ನಿಂತ ತಾಯಿಗೆ ಆ ಸೊಬಗು ಎಷ್ಟು ಉಳಿದೀತು? ಬಸ್ಸು ತಪ್ಪಿದ ದಿನ ಗದ್ದೆಯ ಬದು ಹಿಡಿದು ಶಾಲೆ ಸೇರುವ ನಮ್ಮ ಮಕ್ಕಳಿಗೆ ಈ ಅವಸ್ಥೆ ವಿಚಿತ್ರವಾಗಿ ತೋರಬಹುದು.

2020ರಲ್ಲಿ ಒಂದು ಬದಲಾವಣೆಯಾಯಿತು. ಸರೋವರದ ಪಶ್ಚಿಮ ದಡದ ಗ್ರ್ಯಾಂಡ್ ಫ್ಲೊರಿಡಿಯನ್ ಹೋಟೆಲಿನಿಂದ ಉದ್ಯಾನದ ಬಾಗಿಲಿಗೆ ಹೊಸ ಕಾಲುದಾರಿ ತೆರೆಯಿತು. ನಡುವೆ ಕಾಲುವೆಯೊಂದು ಅಡ್ಡವಿತ್ತು. ದೊಡ್ಡ ದೋಣಿಗಳು ಬಂದಾಗ ಪಕ್ಕಕ್ಕೆ ತಿರುಗಿ ದಾರಿ ಬಿಡುವ ಸೇತುವೆಯನ್ನು ಅದಕ್ಕೆ ಕಟ್ಟಿದರು. ಹೋಟೆಲಿನಿಂದ ನಡಿಗೆ ಸುಮಾರು ಕಾಲು ಗಂಟೆ. ವಾಹನ ನಿಲ್ದಾಣದಿಂದ ಪಾಲಿನೇಷ್ಯನ್ ಹೋಟೆಲನ್ನು ಹಾದು ಬರುವ ದಾರಿ ಮೊದಲೇ ಇದ್ದುದರಿಂದ, ಈಗ ಕಾರಿನಲ್ಲಿ ಬಂದವರೂ ಅರ್ಧ ಗಂಟೆಯ ಆಸುಪಾಸಿನಲ್ಲಿ ನಡೆದೇ ಅರಮನೆಯನ್ನು ಸೇರಬಹುದು.

ಉಳಿದಿರುವುದು ಪೂರ್ವದ ದಡ. ಉದ್ಯಾನದಿಂದ ಕಾಂಟೆಂಪೊರರಿ ಹೋಟೆಲಿನವರೆಗೆ ಕಾಲುದಾರಿಯಿದೆ. ಅಲ್ಲಿಂದ ವಾಹನ ನಿಲ್ದಾಣಕ್ಕೆ ಇಲ್ಲ. ಅದೊಂದು ಕೂಡಿದರೆ ಸರೋವರವನ್ನು ಪೂರ್ತಿ ಪ್ರದಕ್ಷಿಣೆ ಬರಬಹುದು. ಕೆಲಸ ಸುಲಭವಲ್ಲ. ಸರೋವರವನ್ನು ಪಕ್ಕದ ಬೇ ಲೇಕ್‌ಗೆ ಜೋಡಿಸುವ ಜಲಮಾರ್ಗ ಅಲ್ಲಿದೆ. ಮೇಲೆ ದೋಣಿ ತೇಲಿದರೆ ಕೆಳಗಿನ ರಸ್ತೆಯಲ್ಲಿ ಕಾರು ಓಡುತ್ತದೆ. ಪಾದಚಾರಿಗೆ ಅಲ್ಲಿ ಪ್ರತ್ಯೇಕ ಎಡೆ ಮಾಡಿಕೊಡಬೇಕು.

ಬೇಡವೆನ್ನುವವರ ಮಾತಿನಲ್ಲೂ ಹುರುಳಿದೆ. ಫ್ಲಾರಿಡಾದ ಬೇಸಗೆ ಕಠಿಣ. ಮಧ್ಯಾಹ್ನದ ಮೇಲೆ ಗುಡುಗು ಮಿಂಚಿನ ಮಳೆ ಅಲ್ಲಿ ಸಾಮಾನ್ಯ. ಅದಕ್ಕಿಂತ ಗಂಭೀರವಾದುದು 2016ರ ಜೂನ್ ತಿಂಗಳ ದುರಂತ. ಗ್ರ್ಯಾಂಡ್ ಫ್ಲೊರಿಡಿಯನ್ ಹೋಟೆಲಿನ ಮುಂದಿನ ಮರಳ ದಂಡೆಯಲ್ಲಿ ಎರಡು ವರ್ಷದ ಮಗುವೊಂದು ಮೊಸಳೆಯ ಜಾತಿಯ ಅಲಿಗೇಟರಿಗೆ ಬಲಿಯಾಯಿತು. ಆಮೇಲೆ ದಂಡೆಗೆ ಕಲ್ಲಿನ ತಡೆ, ಬೇಲಿ, ಎಚ್ಚರಿಕೆಯ ಫಲಕಗಳು ಬಂದವು. ನೀರಿನಂಚಿನಲ್ಲಿ ಇನ್ನೊಂದು ದಾರಿ ಎಂದೊಡನೆ ಹೆತ್ತವರ ಎದೆ ಅಳುಕುವುದು ಸಹಜವೇ.

ಆದರೂ ದಾರಿ ಬೇಕೆಂಬುದೇ ನನ್ನ ಮತ. ಅಪಾಯವಿರುವುದು ನೀರಿನ ಅಂಚಿನಲ್ಲಿ. ಅಂಚಿನಿಂದ ದೂರಕ್ಕೆ ಸರಿಸಿ, ಬೇಲಿ ಹಾಕಿ, ರಾತ್ರಿ ದೀಪವಿಟ್ಟ ದಾರಿಯನ್ನು ಅದರೊಡನೆ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಕಾಲುದಾರಿಗೆ ಟಿಕೆಟಿಲ್ಲ, ಆದಾಯವೂ ಇಲ್ಲ. ಅಡ್ಡಿ ಅಲ್ಲೇ ಇದ್ದರೂ ಇದ್ದೀತು. 2020ರ ದಾರಿಯಿಂದ ಮೊದಲು ಅನುಕೂಲವಾದದ್ದು ದುಬಾರಿ ಹೋಟೆಲಿನ ಅತಿಥಿಗಳಿಗೆ. ಪೂರ್ವದ ದಾರಿಯಿಂದ ಹೆಚ್ಚು ಉಪಕಾರವಾಗುವುದು ಒಂದು ದಿನದ ಮಟ್ಟಿಗೆ ಬಂದು, ನಿಲುಗಡೆಯ ಶುಲ್ಕ ತೆತ್ತು, ರಾತ್ರಿ ಮನೆಗೆ ಮರಳುವ ಸಂಸಾರಗಳಿಗೆ. ಮಾನೋರೈಲು ಕೆಟ್ಟು ನಿಂತರೆ, ಸಿಡಿಲಿನ ಭಯದಿಂದ ದೋಣಿಯೂ ನಿಂತರೆ, ಮಳೆ ಹಿಡಿಯುವ ಮಾಡು, ನಡುನಡುವೆ ಕುಳಿತುಕೊಳ್ಳಲು ಜಗಲಿ, ಕುಡಿಯುವ ನೀರು, ಗಾಲಿಕುರ್ಚಿ ಸಾಗುವಷ್ಟು ಅಗಲ ಇರುವ ದಾರಿಯೊಂದನ್ನು ಅವರು ಕೇಳಿದರೆ ಅದು ಅತಿಯಾಸೆಯಲ್ಲ.